ಅತಿ ಶೀಘ್ರದಲ್ಲಿ!

ಹಬ್ಬದ ದಿನಕ್ಕಿಂತ ಹಬ್ಬದ ಹಿಂದಿನ ಸಂಜೆಯೇ ಸೊಗಸು ಎಂದು ಬಲ್ಲವರು ಹೇಳುತ್ತಾರೆ. ಹೋಳಿಗೆ ಎಲೆಗೆ ಬಿದ್ದ ಮೇಲೆ ಅದಕ್ಕೆ ರುಚಿಯೊಂದೇ ಉಳಿಯುತ್ತದೆ. ಒಲೆಯ ಮೇಲಿರುವಾಗ ಅದಕ್ಕೆ ಪರಿಮಳವೂ ಉಂಟು, ಕಲ್ಪನೆಯೂ ಉಂಟು. ಈ ಸತ್ಯವನ್ನು ಚಿತ್ರರಸಿಕನಷ್ಟು ಚೆನ್ನಾಗಿ ಅರಿತವರು ಬೇರಿಲ್ಲ. ಆತನಿಗೆ ನೋಡಿದ ಚಿತ್ರಕ್ಕಿಂತ ನೋಡಲಿರುವ ಚಿತ್ರವೇ ದೊಡ್ಡದು. ಗೋಡೆಯ ಮೇಲಿನ ಭಿತ್ತಿಪತ್ರದಲ್ಲಿ ‘ಅತಿ ಶೀಘ್ರದಲ್ಲಿ’ ಎಂಬ ಎರಡು ಪದಗಳು ಕಂಡರೆ ಸಾಕು, ಆತನ ನಡಿಗೆ ತಾನಾಗಿಯೇ ನಿಧಾನವಾಗುತ್ತದೆ. ಆ ‘ಶೀಘ್ರ’ವೆಂದರೆ ಎಷ್ಟು ದಿನ ಎಂದು ಯಾವ ಪಂಚಾಂಗವೂ ಹೇಳಲಾರದು. ಅದು ಒಂದು ವಾರವಾಗಬಹುದು, ಮೂರು ವರ್ಷವೂ ಆಗಬಹುದು. ಚಿತ್ರರಸಿಕ ಎರಡಕ್ಕೂ ಸಿದ್ಧನಾಗಿರುತ್ತಾನೆ.

ಕಲಬುರಗಿ ಜಿಲ್ಲೆಯಲ್ಲಿ ಶಹಾಬಾದಿನ ಮಗ್ಗುಲಿಗಿರುವ ಊರು ಭಂಕೂರ. ಸುತ್ತೆಲ್ಲ ಹಾಸುಗಲ್ಲಿನ ನೆಲ. ದೇಶದ ಎಷ್ಟೋ ಮನೆಗಳ ಪಡಸಾಲೆಗೆ ತಂಪು ಕೊಟ್ಟಿರುವ ಶಹಾಬಾದ್ ಕಲ್ಲು ಈ ಸೀಮೆಯದೇ. ಬೇಸಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ಸಲೀಸಾಗಿ ದಾಟುವ ಈ ಊರಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಸಿಮೆಂಟು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಎರಡು ಬಗೆಯ ಬರವಣಿಗೆ ಕಾಣುತ್ತದೆ. ಪಿಂಚಣಿ, ಗ್ಯಾಸು, ಬಂಧುಗಳ ಮದುವೆ ಇವೆಲ್ಲ ಶಾಯಿಯಲ್ಲಿ. ಚಿತ್ರಗಳ ಬಿಡುಗಡೆಯ ದಿನ ಮಾತ್ರ ಪೆನ್ಸಿಲಿನಲ್ಲಿ. ಅರವತ್ತು ವರ್ಷಗಳ ಅನುಭವ ಅವರಿಗೆ ಕಲಿಸಿದ ವಿವೇಕವಿದು.

ಈ ವಿವೇಕದ ಹಿಂದೆ ಒಂದು ಸೀಮೆಯ ಚರಿತ್ರೆಯೇ ಅಡಗಿದೆ. 1948ರ ಸೆಪ್ಟೆಂಬರಿನವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಅದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ರಾಜ್ಯದ ನಕ್ಷೆಯೇನೋ ಬದಲಾಯಿತು, ಆದರೆ ಸಿನಿಮಾ ವ್ಯಾಪಾರದ ನಕ್ಷೆ ಅಷ್ಟು ಬೇಗ ಬದಲಾಗಲಿಲ್ಲ. ಹಿಂದಿ ಚಿತ್ರಗಳ ಹಂಚಿಕೆದಾರರ ಲೆಕ್ಕದಲ್ಲಿ ‘ನಿಜಾಮ್’ ಎಂಬ ವಲಯ, ನಿಜಾಮರು ಹೋದ ಎಷ್ಟೋ ದಶಕಗಳ ಬಳಿಕವೂ ಉಳಿಯಿತು. ರೈಲುಮಾರ್ಗವೂ ಅದಕ್ಕೆ ತಕ್ಕಂತೆಯೇ ಇತ್ತು. ಶಹಾಬಾದಿನಲ್ಲಿ ಗಾಡಿ ಹತ್ತಿದವನು ಮುಂಬಯಿಗೋ ಮದರಾಸಿಗೋ ನೇರವಾಗಿ ಹೋಗಬಹುದಾಗಿತ್ತು. ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದರೆ ಸಿಕಂದರಾಬಾದು. ಬೆಂಗಳೂರೇ ದೂರ. ಹೀಗಾಗಿ ಸಂತೆಯಲ್ಲಿ ಹೇಗೆ ಕನ್ನಡ, ಉರ್ದು, ತೆಲುಗು, ಮರಾಠಿಗಳು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದುವೋ ಹಾಗೆಯೇ ಬೆಳ್ಳಿತೆರೆಯ ಮೇಲೂ ನಡೆಯಿತು. ಅವುಗಳಲ್ಲಿ ಕನ್ನಡದ ಸರದಿ ಬರುವುದಕ್ಕೆ ತುಸು ಹೆಚ್ಚು ತಾಳ್ಮೆ ಬೇಕಾಗುತ್ತಿತ್ತು.

ಈ ಹಿರಿಯರು ಕಾಯುವ ವಿದ್ಯೆಯನ್ನು ಕಲಿತದ್ದು ತಮ್ಮ ತಂದೆಯಿಂದ. ಕೆ. ಆಸಿಫ್ ಅವರ ‘ಮೊಘಲ್-ಎ-ಆಜಮ್’ ತಯಾರಾಗುವುದಕ್ಕೆ ಹತ್ತು ವರ್ಷಕ್ಕೂ ಮೀರಿ ಹಿಡಿಯಿತೆಂಬುದು ಪ್ರಸಿದ್ಧ ಸಂಗತಿ. ಅದು 1960ರ ಆಗಸ್ಟ್ 5ರಂದು ಬಿಡುಗಡೆಯಾಯಿತು. ಉರ್ದು ಶಾಲೆಯಲ್ಲಿ ಓದಿದ್ದ ತಂದೆಗೆ ಆ ಚಿತ್ರದ ಮಾತೆಂದರೆ ಪ್ರಾಣ. ‘ಈ ಸಲ ಖಂಡಿತ ಬರುತ್ತದೆ’ ಎಂದು ಅವರು ಹೇಳುತ್ತ ಬಂದ ‘ಈ ಸಲ’ಗಳನ್ನು ಎಣಿಸಿದವರಿಲ್ಲ. ಮಗ ಆಗ ಚಿಕ್ಕ ಹುಡುಗ. ಚಿತ್ರದ ಬಗೆಗೆ ಆತನಿಗೆ ಏನೂ ತಿಳಿಯದು. ಆದರೆ ಒಬ್ಬ ದೊಡ್ಡ ಮನುಷ್ಯ ಅಷ್ಟೊಂದು ಸಂತೋಷವಾಗಿ ಕಾಯಬಲ್ಲನೆಂಬುದು ತಿಳಿಯಿತು.

ಆತನ ಸ್ವಂತ ನಿರೀಕ್ಷೆ ಆರಂಭವಾದದ್ದು ‘ಅಮರಶಿಲ್ಪಿ ಜಕಣಾಚಾರಿ’ಯಿಂದ. ಬಿ. ಎಸ್. ರಂಗಾ ಅವರ ಈ ಚಿತ್ರ 1964ರಲ್ಲಿ ತೆರೆಗೆ ಬಂದಿತು. ಪೂರ್ಣವಾಗಿ ವರ್ಣದಲ್ಲಿ ತಯಾರಾದ ಮೊದಲ ಕನ್ನಡ ಕಥಾಚಿತ್ರವದು. ಕಲ್ಲು ಕೆತ್ತುವವನ ಕಥೆ, ಅದೂ ಬಣ್ಣದಲ್ಲಿ! ಕಲ್ಲು ಒಡೆದು ಬದುಕುವ ಊರಿನ ಹುಡುಗರಿಗೆ ಇದಕ್ಕಿಂತ ಹೆಚ್ಚಿನ ಆಮಿಷ ಯಾವುದು? ಬೆಂಗಳೂರು, ಮೈಸೂರುಗಳಲ್ಲಿ ಚಿತ್ರ ಓಡುತ್ತಿದೆಯೆಂದು ಪತ್ರಿಕೆಗಳಲ್ಲಿ ಓದಿ, ಹಾಡುಗಳನ್ನು ಹಾಡಿನ ಪುಸ್ತಕದಿಂದ ಬಾಯಿಪಾಠ ಮಾಡಿ, ರಾಗ ತಿಳಿಯದೆ ತಮಗೆ ತೋಚಿದ ರಾಗದಲ್ಲಿ ಹಾಡಿಕೊಂಡು ಹುಡುಗರು ದಿನ ತಳ್ಳಿದರು. ಕೊನೆಗೆ ಚಿತ್ರ ಬಂದಾಗ, ತೆರೆಯ ಮೇಲಿನವರೇ ರಾಗ ತಪ್ಪಿ ಹಾಡುತ್ತಿರುವಂತೆ ಅವರಿಗೆ ಅನಿಸಿತಂತೆ!

ಚಿತ್ರ ತಡವಾಗುವುದಕ್ಕೆ ಕಾರಣವಿಲ್ಲದಿರಲಿಲ್ಲ. ಎರಡೂವರೆ ಗಂಟೆಯ ಚಿತ್ರವೆಂದರೆ ಸುಮಾರು ಹದಿಮೂರೂವರೆ ಸಾವಿರ ಅಡಿ ಉದ್ದದ ಫಿಲ್ಮು. ಅದರ ಒಂದೊಂದು ಪ್ರತಿಗೂ ಹಣ ಸುರಿಯಬೇಕು. ಆದ್ದರಿಂದ ಕೆಲವೇ ಪ್ರತಿಗಳನ್ನು ತೆಗೆಸಿ, ಮೊದಲು ದೊಡ್ಡ ನಗರಗಳಿಗೆ, ಆಮೇಲೆ ಜಿಲ್ಲಾ ಕೇಂದ್ರಗಳಿಗೆ, ಕಟ್ಟಕಡೆಗೆ ಸಣ್ಣ ಊರುಗಳಿಗೂ ಡೇರೆ ಟಾಕೀಸುಗಳಿಗೂ ಕಳುಹಿಸುವುದು ಪದ್ಧತಿ. ತಗಡಿನ ಪೆಟ್ಟಿಗೆಗಳಲ್ಲಿ ಊರೂರು ಅಲೆದು, ಯಂತ್ರದಿಂದ ಯಂತ್ರಕ್ಕೆ ಉಜ್ಜಿ, ಗೀರುಬಿದ್ದ ಫಿಲ್ಮು ಕೊನೆಗೊಮ್ಮೆ ಈ ಸೀಮೆಗೆ ತಲುಪುವ ಹೊತ್ತಿಗೆ ತೆರೆಯ ತುಂಬ ಮಳೆ! ಅರಮನೆಯ ಒಳಗೂ ಮಳೆ, ಮರುಭೂಮಿಯಲ್ಲೂ ಮಳೆ. ಹೊರಗೆ ಕಲ್ಲು ಕಾಯ್ದು ಸಿಡಿಯುವಂಥ ಬಿಸಿಲಿರುವಾಗ, ಕೊಟ್ಟ ಕಾಸಿಗೆ ಚಿತ್ರದ ಜೊತೆಗೆ ಮಳೆಯೂ ದೊರೆಯಿತೆಂದು ಪ್ರೇಕ್ಷಕರು ಸಮಾಧಾನ ಪಡುತ್ತಿದ್ದರು.

ಈಗ ಫಿಲ್ಮಿನ ಪೆಟ್ಟಿಗೆಯಿಲ್ಲ, ಗೀರಿನ ಮಳೆಯೂ ಇಲ್ಲ. ಗಣಕಯಂತ್ರದ ಕಡತವಾಗಿ ಬರುವ ಚಿತ್ರ ಬೆಂಗಳೂರಿನಲ್ಲಿಯೂ ಕಲಬುರಗಿಯಲ್ಲಿಯೂ ಒಂದೇ ದಿನ ತೆರೆ ಕಾಣುತ್ತದೆ. ಹಾಗಾದರೆ ಕಾಯುವ ಕಾಲ ಮುಗಿಯಿತೆ? ಇಲ್ಲ, ಕಾಯುವುದರ ಜಾತಿ ಬದಲಾಯಿತು. ಹಿಂದೆ ಚಿತ್ರ ಸಿದ್ಧವಾಗಿರುತ್ತಿತ್ತು, ದಾರಿ ದೂರವಿತ್ತು. ಈಗ ದಾರಿ ಹತ್ತಿರವಾಗಿದೆ, ಚಿತ್ರವೇ ದೂರ. ಮೊದಲು ಹೆಸರಿನ ಘೋಷಣೆ. ಅದಕ್ಕೂ ಮೊದಲು ಹೆಸರನ್ನು ಯಾವ ದಿನ ಘೋಷಿಸಲಾಗುವುದೆಂಬುದರ ಘೋಷಣೆ. ಬಳಿಕ ನಾಯಕನ ಬೆನ್ನು ಮಾತ್ರ ಕಾಣುವ ಚಿತ್ರಪಟ, ಆಮೇಲೆ ಅರ್ಧ ಮುಖ, ಆತನ ಹುಟ್ಟುಹಬ್ಬಕ್ಕೆ ಒಂದು ನಿಮಿಷದ ತುಣುಕು. ಇವನ್ನೆಲ್ಲ ಮೊಮ್ಮಗಳು ತನ್ನ ಮೊಬೈಲಿನಲ್ಲಿ ಹಿರಿಯರಿಗೆ ತೋರಿಸುತ್ತಾಳೆ. ‘ಮುತ್ಯಾ, ತಾರೀಖ ಮತ್ತ ಬದಲಾಯ್ತು ನೋಡು’ ಎಂದು ಆಕೆ ಕೂಗಿದರೆ, ಮುತ್ಯಾ ಮಾತಿಲ್ಲದೆ ರಬ್ಬರು ಹುಡುಕುತ್ತಾರೆ.

ಯಶ್ ನಾಯಕನಾಗಿ, ಗೀತು ಮೋಹನ್‌ದಾಸ್ ನಿರ್ದೇಶಿಸಿದ ‘ಟಾಕ್ಸಿಕ್’ ಚಿತ್ರದ ಹೆಸರು 2023ರ ಡಿಸೆಂಬರಿನಲ್ಲಿ ಪ್ರಕಟವಾದಾಗಲೇ ಬಿಡುಗಡೆಯ ದಿನವೂ ಪ್ರಕಟವಾಗಿತ್ತು: 2025ರ ಏಪ್ರಿಲ್ 10. ಭಂಕೂರಿನ ಗೋಡೆಯ ಮೇಲೆ ಪೆನ್ಸಿಲು ಮೂಡಿತು. ಆ ಏಪ್ರಿಲ್ ಬಂದು ಹೋಯಿತು, ಚಿತ್ರ ಬರಲಿಲ್ಲ. 2026ರ ಮಾರ್ಚ್ 19 ಎಂಬ ಹೊಸ ದಿನವನ್ನು ಸಾರಲಾಯಿತು. ‘ದಿನ ಮುಂದಕ್ಕೆ ಹಾಕಿದವರ ಮೇಲೆ ನಿಮಗೆ ಸಿಟ್ಟೇ ಬರೂದಿಲ್ಲೇನ್ರಿ?’ ಎಂದು ಮನೆಯಾಕೆ ಕೇಳಿದರು. ಹಿರಿಯರು ನಕ್ಕು, ಮದುವೆಯ ಮುಹೂರ್ತ ಮುಂದೆ ಹೋದರೆ ಮದುಮಗಳೇನು ಕೆಡುತ್ತಾಳೆಯೆ ಎಂದು ಮರುಪ್ರಶ್ನೆ ಹಾಕಿದರು.

ಆದರೆ ದಿನ ಮುಂದಕ್ಕೆ ಹೋಗುವುದು ಯಾವಾಗಲೂ ನಗೆಯ ಮಾತಲ್ಲವೆಂಬುದು ಅವರಿಗೆ ಗೊತ್ತು.

‘ಕೆ.ಜಿ.ಎಫ್.’ ಚಿತ್ರದ ಮೊದಲ ಅಧ್ಯಾಯ 2018ರ ಡಿಸೆಂಬರ್ 21ರಂದು ಬಂದಿತು. ಅದನ್ನು ಅವರು ತಮ್ಮ ಬಹುಕಾಲದ ಗೆಳೆಯರೊಡನೆ ನೋಡಿದರು. ಆ ಗೆಳೆಯರು ಕಲ್ಲುಗಣಿಯಲ್ಲಿ ದುಡಿದ ಜೀವ. ಗಣಿಯ ಆಳದ ದುಡಿಮೆ, ದೂಳು, ಧಣಿಯ ದರ್ಪ ಇವನ್ನು ತೆರೆಯ ಮೇಲೆ ಕಂಡು ಅವರಿಗೆ ಮೈಯೆಲ್ಲ ಕಣ್ಣಾಯಿತು. ಕಥೆಯಾದರೋ ನಡುವೆಯೇ ನಿಂತಿತು. ಉಳಿದದ್ದು ಎರಡನೆಯ ಅಧ್ಯಾಯದಲ್ಲಿ. ಗೆಳೆಯರಿಬ್ಬರ ನಡುವೆ ಹರೆಯದ ದಿನಗಳಿಂದಲೂ ಒಂದು ಒಪ್ಪಂದವಿತ್ತು. ಯಾರು ಮೊದಲು ಚಿತ್ರ ನೋಡಿದರೂ ಇನ್ನೊಬ್ಬನಿಗೆ ಕಥೆ ಹೇಳಬೇಕು, ಆದರೆ ಕೊನೆಯನ್ನು ಮಾತ್ರ ಹೇಳಕೂಡದು. ‘ಕಡೀದು ಹೇಳಬ್ಯಾಡ, ನಾನೇ ನೋಡ್ತೀನಿ’ ಎಂಬುದು ಗಣಿಯ ಗೆಳೆಯರ ಕಟ್ಟಳೆ.

ಎರಡನೆಯ ಅಧ್ಯಾಯ 2020ರ ಅಕ್ಟೋಬರ್ 23ಕ್ಕೆ ಬರುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಮಹಾಮಾರಿ ಬಂದು ಚಿತ್ರಮಂದಿರಗಳ ಬಾಗಿಲು ಮುಚ್ಚಿತು. 2021ರ ಜುಲೈ 16 ಎಂದರು, ಅದೂ ತಪ್ಪಿತು. ಆ ವರ್ಷ ಗೆಳೆಯರು ಹಾಸಿಗೆ ಹಿಡಿದರು. ನೋಡಲು ಹೋದಾಗಲೆಲ್ಲ ಅವರು ತಮ್ಮ ಎದೆಯ ನೋವಿನ ಮಾತಾಡದೆ, ‘ಯಾವಾಗ ಬರ್ತದಂತ?’ ಎಂದಷ್ಟೇ ಕೇಳುತ್ತಿದ್ದರು. ‘ಇನ್ನೇನು ಬಂತು’ ಎಂದು ಹಿರಿಯರು ಹೇಳುತ್ತಿದ್ದರು. ಮಳೆಗಾಲ ಕಳೆಯುವ ಮುನ್ನ ಗೆಳೆಯರು ತೀರಿಕೊಂಡರು.

ಚಿತ್ರ ಬಂದದ್ದು 2022ರ ಏಪ್ರಿಲ್ 14ರಂದು. ದೇಶದ ಮೂಲೆಮೂಲೆಯಲ್ಲಿ ಜನ ಕುಣಿದರು. ಕನ್ನಡದ ಚಿತ್ರವೊಂದಕ್ಕೆ ಅಂಥ ಸ್ವಾಗತ ಹಿಂದೆ ಎಂದೂ ದೊರೆತಿರಲಿಲ್ಲ. ಹಿರಿಯರು ಒಬ್ಬರೇ ಹೋಗಿ ನೋಡಿ ಬಂದರು. ಮನೆಗೆ ಹೋಗುವ ಮೊದಲು ಗೆಳೆಯರ ಮನೆಯ ಬಾಗಿಲಲ್ಲಿ ನಿಂತರು. ಒಳಗಿನಿಂದ ಬಂದ ಹೆಣ್ಣುಮಗಳು ನೀರು ಕೊಟ್ಟು, ಕಟ್ಟೆಯ ಮೇಲೆ ಕುಳಿತು, ‘ಅಣ್ಣಾ, ಅದು ಕಡೀಗ ಏನಾಯ್ತು, ಹೇಳ್ರಿ. ಅವರು ಅದನ್ನೇ ಕೇಳ್ಲತ್ತಿದ್ರು’ ಎಂದರು. ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಹಿರಿಯರು ಒಂದು ಚಿತ್ರದ ಕೊನೆಯನ್ನು ಹೇಳಿದರು. ತಾಯಿಗೆ ಕೊಟ್ಟ ಮಾತನ್ನು ಮಗ ಹೇಗೆ ಉಳಿಸಿಕೊಂಡನೆಂಬುದನ್ನು ಏನನ್ನೂ ಬಿಡದೆ ಹೇಳಿದರು. ಆಕೆ ಕೊನೆಯವರೆಗೆ ಕೇಳಿ, ‘ಛಲೋ ಆಯ್ತು’ ಎಂದು ಒಳಗೆ ಹೋದರು.

ಅಂದಿನಿಂದ ಹಿರಿಯರು ಕಾಯುವುದನ್ನು ಬಿಟ್ಟಿಲ್ಲ. ಒಬ್ಬರೇ ಕಾಯುವುದನ್ನು ಮಾತ್ರ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟರ ‘ಕಾಂತಾರ’ ಬಂದಾಗ ಮೊಮ್ಮಗಳನ್ನೂ ಗೆಳೆಯರ ಮೊಮ್ಮಗನನ್ನೂ ಜೊತೆಗೆ ಕರೆದೊಯ್ದರು. ಅದರ ಹಿಂದಿನ ಕಥೆಯನ್ನು ಹೇಳುವ ‘ಕಾಂತಾರ: ಅಧ್ಯಾಯ 1’ ಮೂರು ವರ್ಷದ ಬಳಿಕ, ಹೇಳಿದ ದಿನಕ್ಕೇ, 2025ರ ಅಕ್ಟೋಬರ್ 2ರಂದು ತೆರೆಗೆ ಬಂದಾಗ ಇಡೀ ಮನೆ ಕಲಬುರಗಿಯ ಗಾಡಿ ಹತ್ತಿತು. ಟಿಕೇಟಿನ ಬೆಲೆ 200 ರೂಪಾಯಿ ಮೀರಬಾರದೆಂದು ಸರಕಾರ ಹಿಂದಿನ ತಿಂಗಳಷ್ಟೇ ನಿಯಮ ಮಾಡಿತ್ತು. ಉಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತ್ತು. ಹೀಗಾಗಿ ಆ ತಿಂಗಳ ಕಿರಾಣಿ ಲೆಕ್ಕವನ್ನು ಮನೆಯಾಕೆ ಎರಡು ಸಲ ಕೂಡಿಸಿ ಕಳೆಯಬೇಕಾಯಿತು. ಆದರೂ ಹೊರಡುವಾಗ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದವರು ಅವರೇ.

ಈಗ ಆ ಮನೆಯ ಚರ್ಚೆಯೆಲ್ಲ ‘ರಾಮಾಯಣ’ದ್ದು. ನಿತೇಶ್ ತಿವಾರಿಯವರ ನಿರ್ದೇಶನದಲ್ಲಿ ಎರಡು ಭಾಗಗಳ ಚಿತ್ರ. ಮೊದಲ ಭಾಗ 2026ರ ದೀಪಾವಳಿಗೆ, ಎರಡನೆಯದು 2027ರ ದೀಪಾವಳಿಗೆ ಎಂದು ನಿರ್ಮಾಪಕರು 2024ರ ನವೆಂಬರಿನಲ್ಲಿ ಸಾರಿದರು. ರಣಬೀರ್ ಕಪೂರ್ ರಾಮ, ಸಾಯಿ ಪಲ್ಲವಿ ಸೀತೆ, ಕನ್ನಡದ ಯಶ್ ರಾವಣ. ಸಂಗೀತಕ್ಕೆ ಎ. ಆರ್. ರೆಹಮಾನರ ಜೊತೆಗೆ ಹಾಲಿವುಡ್ಡಿನ ಹಾನ್ಸ್ ಜಿಮ್ಮರ್.

‘ರಾಮಾಯಣದಾಗ ಕಾಯೂದೇನದ? ಕಥಿ ಯಾರಿಗೆ ಗೊತ್ತಿಲ್ಲ?’ ಎಂಬುದು ಮನೆಯಾಕೆಯ ಆಕ್ಷೇಪ. 1987ರಿಂದ ಒಂದೂವರೆ ವರ್ಷ ಭಾನುವಾರದ ಬೆಳಗಿನಲ್ಲಿ ದೂರದರ್ಶನದ ‘ರಾಮಾಯಣ’ವನ್ನು ಕೈಮುಗಿದು ನೋಡಿದವರು ಅವರು. ಹಿರಿಯರ ವಾದ ಬೇರೆ. ಊರಿನ ದೊಡ್ಡಾಟದಲ್ಲಿ ರಾತ್ರಿಯೆಲ್ಲ ಕುಳಿತ ಜನ ಕಥೆ ತಿಳಿಯದೆ ಕುಳಿತಿದ್ದರೆ? ರಾವಣ ರಂಗಕ್ಕೆ ಬರುವುದು ಎಲ್ಲರಿಗೂ ಗೊತ್ತಿತ್ತು. ಹೇಗೆ ಬರುತ್ತಾನೆ ಎಂಬುದಕ್ಕಾಗಿಯೇ ಮಕ್ಕಳು ನಿದ್ದೆ ತಡೆದು ಕೂಡುತ್ತಿದ್ದರು. ಕೊನೆ ತಿಳಿಯದ ಕಥೆಗೆ ಕುತೂಹಲದಿಂದ ಕಾಯುತ್ತೇವೆ, ಕೊನೆ ತಿಳಿದ ಕಥೆಗೆ ಪ್ರೀತಿಯಿಂದ ಕಾಯುತ್ತೇವೆ ಎಂಬುದು ಅವರ ಸಿದ್ಧಾಂತ. ಈ ಮಾತಿಗೆ ಮನೆಯಾಕೆ ಉತ್ತರ ಕೊಡಲಿಲ್ಲ. ದೀಪಾವಳಿಗೆ ಬರುವ ನೆಂಟರ ಮುಂದೆ ಸಿನಿಮಾದ ಸುದ್ದಿ ತೆಗೆಯಬೇಡಿರೆಂದು ಮಾತ್ರ ಎಚ್ಚರಿಸಿದರು.

ಇಷ್ಟೆಲ್ಲ ಚಿತ್ರಗಳ ನಡುವೆ ಹಿರಿಯರು ಕಾಯುತ್ತಿರುವ ಇನ್ನೊಂದು ಚಿತ್ರವಿದೆ. ಅದಕ್ಕೆ ಹೆಸರಿಲ್ಲ, ದಿನಾಂಕವಿಲ್ಲ, ಭಿತ್ತಿಪತ್ರವೂ ಇಲ್ಲ. ಕನ್ನಡ ಚಿತ್ರಗಳಲ್ಲಿ ಮೈಸೂರು ಸೀಮೆಯ ಮಾತನ್ನು ಅವರು ಬೇಕಾದಷ್ಟು ಕೇಳಿದ್ದಾರೆ. ಧಾರವಾಡದ ಮಾತು ಆಗಾಗ ಕೇಳಿಸಿದೆ. ‘ಕಾಂತಾರ’ದಿಂದ ಕರಾವಳಿಯ ಮಾತು ದೇಶವನ್ನೆಲ್ಲ ಸುತ್ತಿ ಬಂದಿತು. ಆದರೆ ಕಾಗಿಣಾ ನದಿಯ ದಂಡೆಯ ಮಾತು, ಉರ್ದುವಿನ ಒಗ್ಗರಣೆ ಬಿದ್ದ ಕಲಬುರಗಿಯ ಕನ್ನಡ, ತೆರೆಯ ಮೇಲೆ ಕೇಳಿಬರುವುದು ಅಪರೂಪ. ಕೇಳಿಬಂದರೂ ಬಹುಪಾಲು ನಗಿಸುವುದಕ್ಕಾಗಿ. ಆ ಮಾತಿನಲ್ಲಿ ಒಬ್ಬ ನಾಯಕ ತಾಯಿಯನ್ನು ಕರೆಯಬೇಕು, ಒಬ್ಬ ಕಲ್ಲು ಒಡೆಯುವವನು ತನ್ನ ಕೂಲಿ ಕೇಳಬೇಕು, ಒಬ್ಬ ಮುದುಕ ತನ್ನ ಗೆಳೆಯನಿಗೆ ಕಥೆ ಹೇಳಬೇಕು. ಅದನ್ನು ಕೇಳಿ ಸಭಾಂಗಣದಲ್ಲಿ ಯಾರೂ ನಗಬಾರದು.

ಗೆಳೆಯರ ಮೊಮ್ಮಗ ಈಚೆಗೆ ಮೊಬೈಲಿನಲ್ಲಿ ಸಣ್ಣಸಣ್ಣ ಚಿತ್ರ ತೆಗೆಯಲಾರಂಭಿಸಿದ್ದಾನೆ. ಗಣಿಯ ಬಳಿ ತೆಗೆದ ಹತ್ತು ನಿಮಿಷದ ಒಂದು ಚಿತ್ರ ಇನ್ನೂ ಮುಗಿದಿಲ್ಲ. ಯಾವಾಗ ಮುಗಿಯುವುದೆಂದು ಕೇಳಿದರೆ, ‘ಜಲ್ದೀನೇ ಮುತ್ಯಾ’ ಎನ್ನುತ್ತಾನೆ. ಆ ‘ಜಲ್ದಿ’ಗೆ ಲೆಕ್ಕವಿಲ್ಲವೆಂದು ಮುತ್ಯಾನಿಗಿಂತ ಚೆನ್ನಾಗಿ ಬಲ್ಲವರಾರು? ಆದರೂ, ಕಥೆಯನ್ನಷ್ಟು ಹೇಳು, ಕೊನೆಯನ್ನು ಹೇಳಬೇಡ ಎಂದು ಅವರು ಆಗಲೇ ಕಟ್ಟಪ್ಪಣೆ ಮಾಡಿಬಿಟ್ಟಿದ್ದಾರೆ.