ಪಡಸಾಲಿಗೆ ಬಂದ ಕಂಪ್ಯೂಟರ್ ಮೇಜು

ಯೂಟ್ಯೂಬಿನಲ್ಲಿ ‘ಡೆಸ್ಕ್ ಸೆಟಪ್’ ಅಂತ ಹುಡುಕಿ ನೋಡಿ. ಬಿಳಿ ಗೋಡೆ, ಕರಿ ಮೇಜು, ಹಿಂದೆ ನೇರಳೆ ಬಣ್ಣದ ಎಲ್‌ಇಡಿ ಪಟ್ಟಿ, ಎರಡು ಮಾನಿಟರ್, ಪಕ್ಕದಲ್ಲೊಂದು ಪುಟ್ಟ ಗಿಡ. ಒಂದು ವೈರೂ ಕಾಣಲ್ಲ. ಆ ಮನೆಯಲ್ಲಿ ಕರೆಂಟ್ ಹೋಗಲ್ಲ, ಧೂಳು ಬರಲ್ಲ, ತಂಗಿ ಬಂದು ‘ನನಗೂ ಸ್ವಲ್ಪ ಬಿಡು’ ಅನ್ನಲ್ಲ. ನಾವೂ ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಎರಡರ ತನಕ ಇಂಥ ವಿಡಿಯೋ ನೋಡಿದವರೇ. ಆದರೆ ಕಳೆದ ರಜೆಯಲ್ಲಿ ನಮ್ಮ ಮನೆಗಳಲ್ಲಿ ನಿಜವಾಗಿ ಮೇಜು ಹಾಕುವ ಹೊತ್ತು ಬಂದಾಗ ಆ ವಿಡಿಯೋಗಳಿಂದ ಉಪಯೋಗಕ್ಕೆ ಬಂದದ್ದು ಬಹಳ ಕಡಿಮೆ.

ನಾವು ಅಂದ್ರೆ ಇಬ್ಬರು. ಒಬ್ಬನ ಮನೆ ಬಸವಕಲ್ಯಾಣ, ಇನ್ನೊಬ್ಬನದು ಹುಮನಾಬಾದ್. ಒಬ್ಬ ಎಲೆಕ್ಟ್ರಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಎರಡೂ ಬೀದರ್ ಜಿಲ್ಲೆಯ ತಾಲೂಕು ಊರುಗಳು. ಹುಮನಾಬಾದಿನಿಂದ ಹೈವೇ ಹಿಡಿದು ಸಸ್ತಾಪುರ ಬಂಗ್ಲಾ ಹತ್ತಿರ ತಿರುಗಿದರೆ ಕಲ್ಯಾಣ, ಬಸ್ಸಿನಲ್ಲಿ ತಾಸೊಂದರ ಹಾದಿ. ನಾಲ್ಕನೇ ಸೆಮ್ ಮುಗಿದ ಮೇಲೆ ಎರಡೂ ಮನೆಯವರು ತಲಾ 30,000 ರೂಪಾಯಿಗೆ ಒಪ್ಪಿದರು. ಷರತ್ತೂ ಎರಡೂ ಕಡೆ ಒಂದೇ: “ಇದು ಒಂದೇ ಸಲ. ಮತ್ತ ಕೇಳಂಗಿಲ್ಲ.”

ಮತ್ತ ಕೇಳಂಗಿಲ್ಲ ಅಂದ ಮೇಲೆ ಪ್ಲಾನ್ ಮಾಡಲೇಬೇಕಲ್ಲ. ಗ್ರಾಫ್ ಶೀಟ್ ತಗೊಂಡು ಕೂತೆವು. ಆಗ ಒಂದು ನಿರ್ಧಾರ ಮಾಡಿದೆವು: ದುಡ್ಡು ಗೋಡೆಯಿಂದ ಶುರುವಾಗಿ ಪರದೆಯ ಕಡೆಗೆ ಹೋಗಬೇಕು. ಮೊದಲು ಪ್ಲಗ್ಗು, ಆಮೇಲೆ ಬೆಳಕು, ಆಮೇಲೆ ಕುರ್ಚಿ-ಮೇಜು, ಆಮೇಲೆ ಮಾನಿಟರ್, ಎಲ್ಲದರ ಕೊನೆಗೆ ಕಂಪ್ಯೂಟರ್. ವಿಡಿಯೋಗಳಲ್ಲಿ ಇದು ಪೂರ್ತಿ ಉಲ್ಟಾ ಇರುತ್ತೆ.

ಕಲ್ಯಾಣದ ಮನೆಯಲ್ಲಿ ಗೋಡೆಯಿಂದ ಶುರು ಮಾಡೋದಕ್ಕೆ ಕಾರಣವೂ ಇತ್ತು. ಅಲ್ಲಿ ಮೊದಲೇ ಒಂದು ಹಳೇ ಡೆಸ್ಕ್‌ಟಾಪ್ ಇತ್ತು. ಚಪ್ಪಲಿ ಬಿಟ್ಟು ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನೋದು. ಮನೆಯಲ್ಲಿ ಎಲ್ಲರಿಗೂ ಅದು ರೂಢಿಯಾಗಿಬಿಟ್ಟಿತ್ತು. “ಅದು ಹಂಗs, ಸ್ವಲ್ಪ ಜುಮ್ ಅಂತದ, ಏನೂ ಆಗಂಗಿಲ್ಲ,” ಅಂತ ಅವ್ವ ಬಂದವರಿಗೆಲ್ಲ ಹೇಳೋರು. ಎಂಟನೇ ಕ್ಲಾಸಿನ ತಮ್ಮನಂತೂ ಗೆಳೆಯರನ್ನ ಕರೆದು ಮುಟ್ಟಿಸಿ ನಗಿಸುತ್ತಿದ್ದ.

ಬೇಸಿಕ್ ಎಲೆಕ್ಟ್ರಿಕಲ್ ಓದಿದವರು ಇದನ್ನ ನಕ್ಕು ಬಿಡೋ ಹಾಗಿಲ್ಲ. ಎಸ್‌ಎಂಪಿಎಸ್ ಒಳಗೆ ಕರೆಂಟ್ ಬರುವ ಬಾಯಿಯಲ್ಲೇ ಒಂದು ಫಿಲ್ಟರ್ ಇರುತ್ತೆ. ಅದರಲ್ಲಿ ಎರಡು ಸಣ್ಣ ಕೆಪಾಸಿಟರ್: ಒಂದು ಫೇಸಿನಿಂದ ಬಾಡಿಗೆ, ಇನ್ನೊಂದು ನ್ಯೂಟ್ರಲಿನಿಂದ ಬಾಡಿಗೆ. ಅರ್ತಿಂಗ್ ಸರಿ ಇದ್ದರೆ ಅದರಿಂದ ಸೋರುವ ಚೂರು ಕರೆಂಟ್ ನೆಲಕ್ಕೆ ಹೋಗುತ್ತೆ. ಅರ್ತಿಂಗ್ ಇಲ್ಲದಿದ್ದರೆ ಆ ಎರಡು ಕೆಪಾಸಿಟರ್ ನಡುವೆ ಸಿಕ್ಕಿಕೊಂಡ ಬಾಡಿ 230 ವೋಲ್ಟಿನ ಅರ್ಧಕ್ಕೆ, ಅಂದ್ರೆ ಹೆಚ್ಚುಕಮ್ಮಿ 115 ವೋಲ್ಟಿಗೆ ತೇಲುತ್ತೆ. ಕರೆಂಟ್ ಒಂದು ಮಿಲಿಆಂಪಿಗಿಂತ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುತ್ತೆ. ಆದರೆ ಆ ಜುಮ್ ಹೇಳೋದು ಏನಂದ್ರೆ ಈ ಪ್ಲಗ್ಗಿಗೆ ಅರ್ತ್ ಇಲ್ಲ. ನಾಳೆ ಒಳಗೆ ಎಲ್ಲೋ ಇನ್ಸುಲೇಷನ್ ಹೋಗಿ ಫೇಸ್ ವೈರ್ ಬಾಡಿಗೆ ತಾಗಿದರೆ ಫ್ಯೂಸ್ ಹಾರೋದಕ್ಕೆ ದಾರಿಯೇ ಇಲ್ಲ. ಬಾಡಿ ಮೇಲೆ ಪೂರ್ತಿ 230 ವೋಲ್ಟ್ ನಿಂತಿರುತ್ತೆ. ಅದನ್ನ ಮುಟ್ಟಿ ಗೆಳೆಯರನ್ನ ನಗಿಸಲಿಕ್ಕೆ ಹೋಗುವವನು ನಮ್ಮ ತಮ್ಮ.

ಮಲ್ಟಿಮೀಟರ್ ಹಿಡಿದು ನೋಡಿದೆವು. ಫೇಸ್–ನ್ಯೂಟ್ರಲ್ 228 ವೋಲ್ಟ್. ಫೇಸ್–ಅರ್ತ್ 60ರ ಆಸುಪಾಸು, ಅದೂ ನಿಲ್ಲದೆ ಓಲಾಡುತ್ತಿತ್ತು. ಅರ್ತ್ ಸರಿ ಇದ್ದರೆ ಈ ಎರಡೂ ಸಂಖ್ಯೆ ಹತ್ತಿರ ಹತ್ತಿರ ಇರಬೇಕು, ನ್ಯೂಟ್ರಲ್–ಅರ್ತ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಕಾಣಬಾರದು. ಬೋರ್ಡ್ ಬಿಚ್ಚಿಸಿ ನೋಡಿದರೆ ಮೂರನೇ ತೂತಿಗೆ ವೈರೇ ಇಲ್ಲ. ಹಳೇ ಕಲ್ಲು-ಮಣ್ಣಿನ ಗೋಡೆಯ ಮನೆ, ವೈರಿಂಗ್ ಮಾಡಿಸಿದ್ದು ಎರಡು ಪಿನ್ನಿನ ಕಾಲದಲ್ಲಿ.

ಕೆಲಸ ಲೈಸೆನ್ಸ್ ಇರುವ ಇಲೆಕ್ಟ್ರಿಷಿಯನ್ ಕಾಕಾ ಮಾಡಿದರು. ಗುಂಡಿ ತೋಡಿದ್ದು ಮಾತ್ರ ನಾವು. ಕೆಂಪು ಕಲ್ಲಿನ ನೆಲ, ಬೇಸಿಗೆ ಬಿಸಿಲು. ಎರಡು ದಿನ ಹಾರಿ ಹಿಡಿದ ಕೈ ಮೂರನೇ ದಿನ ಕೀಬೋರ್ಡ್ ಒತ್ತಲಿಕ್ಕೂ ಒಲ್ಲೆ ಅಂತು. ಪೈಪಿನ ಸುತ್ತ ಇದ್ದಿಲು, ಉಪ್ಪು ಒಂದರ ಮೇಲೊಂದು ಪದರ ಹಾಕಿ ನೀರು ಬಿಟ್ಟರು. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿದರೆ ರೆಸಿಸ್ಟೆನ್ಸ್ ಏರುತ್ತೆ, ಅದಕ್ಕೇ ಬಚ್ಚಲ ಹತ್ತಿರದ ಮೂಲೆ ಆರಿಸಿದ್ದು. ಜೊತೆಗೆ ಒಂದು 30 ಮಿಲಿಆಂಪಿನ ಆರ್‌ಸಿಸಿಬಿ. ಅರ್ತಿಂಗ್, ಹೊಸ ಲೈನು, ಆರ್‌ಸಿಸಿಬಿ ಎಲ್ಲಾ ಸೇರಿ 8,400 ರೂಪಾಯಿ. ನ್ಯೂಟ್ರಲ್–ಅರ್ತ್ 1.4 ವೋಲ್ಟಿಗೆ ಇಳಿಯಿತು. ತಮ್ಮ ಬಂದು ಕ್ಯಾಬಿನೆಟ್ ಮುಟ್ಟಿ, “ಈಗ ಮಜಾ ಇಲ್ಲ,” ಅಂದ.

ಅಪ್ಪನಿಗೆ ಮಾತ್ರ ಕಸಿವಿಸಿ. 30 ಸಾವಿರದಲ್ಲಿ 8 ಸಾವಿರ ನೆಲದೊಳಗೆ ಹೋಯಿತು, ಮೇಜಿನ ಮೇಲೆ ಏನೂ ಕಾಣುತ್ತಿಲ್ಲ! ನಿಜ, ಫೋಟೋದಲ್ಲಿ ಬರುವಂಥದ್ದಲ್ಲ. ಆದರೆ ಅದೇ ಲೈನಿನ ಮೇಲೆ ಈಗ ಫ್ರಿಜ್ಜು, ನೀರಿನ ಮೋಟರು, ಅವ್ವನ ಮಿಕ್ಸರ್ ಕೂಡ ಇವೆ. ಉಳಿದದ್ದರಲ್ಲಿ ಹಳೇ ಡೆಸ್ಕ್‌ಟಾಪಿಗೇ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಹಾಕಿ ಲಿನಕ್ಸ್ ಇಳಿಸಿದೆವು. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದ ಹಳೇ ಯಂತ್ರ ಎಷ್ಟು ಚುರುಕಾಗುತ್ತೆ ಅಂತ ಮಾಡಿ ನೋಡಿದವರಿಗೇ ಗೊತ್ತು.

ಹುಮನಾಬಾದಿನ ಮನೆಯ ಕತೆ ಬೇರೆ. ಅಲ್ಲಿ ಅರ್ತಿಂಗ್ ಸರಿ ಇತ್ತು, ಇನ್ವರ್ಟರ್ ಇತ್ತು, ಕಂಪ್ಯೂಟರ್ ಮಾತ್ರ ಇರಲಿಲ್ಲ. ಪ್ರಶ್ನೆ ಬಂದದ್ದು ಮೇಜು ಎಲ್ಲಿ ಹಾಕಬೇಕು ಅನ್ನೋದರಲ್ಲಿ. ಮಾಳಿಗೆ ಮೇಲೆ ಪತ್ರಾಸಿನ ಖೋಲಿ ಒಂದಿದೆ. ಅಪ್ಪನ ಮಾತು: “ಮ್ಯಾಲಿನ ಖೋಲ್ಯಾಗ ಹಾಕ್ರಿ, ಶಾಂತ ಇರ್ತದ, ಬಂದ-ಹೋದವರ ಕಣ್ಣಿಗೂ ಬೀಳಂಗಿಲ್ಲ.” ಗ್ರಾಫ್ ಶೀಟಿನಲ್ಲಿ ಅದೇ ಬರೆದಿತ್ತು. ಆಗ ಮಾತಾಡಿದ್ದು ತಂಗಿ. ಅವಳು ಪಿಯುಸಿ ಸೆಕೆಂಡ್ ಇಯರ್‌ಗೆ ಬಂದಿದ್ದಳು, ಮುಂದೆ ಸಿಇಟಿ. “ನಾ ಯಾವಾಗ ಕೂಡ್ಲಿ, ಅಣ್ಣಾ?” ಅಂದಳು.

ಖೋಲಿಗೆ ಹೋಗುವ ಮೆಟ್ಟಿಲು ಹೊರಗಿನಿಂದ. ರಾತ್ರಿ ಎಂಟಾದ ಮೇಲೆ ಅವಳನ್ನ ಒಬ್ಬಳೇ ಮೇಲೆ ಬಿಡಲ್ಲ, ಬೆಳಿಗ್ಗೆ ಐದಕ್ಕೂ ಬಿಡಲ್ಲ. ಹಗಲಲ್ಲಿ ಪತ್ರಾಸ್ ಕಾದು ಒಳಗೆ ಮನುಷ್ಯರೂ ಕೂಡಲಾರರು, ಯಂತ್ರದ ಫ್ಯಾನೂ ಸುಮ್ಮನಾಗಲ್ಲ. ರಜೆ ಮುಗಿದು ನಾವು ಹಾಸ್ಟೆಲ್ಲಿಗೆ ಬಂದ ಮೇಲೆ ಆ ಮೇಜು ಬಟ್ಟೆ ಮುಚ್ಚಿಕೊಂಡು ಖಾಲಿ ಇರೋದೇ. ತಂಗಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಲ್ಯಾಣದವನ ಕಡೆ ತಿರುಗಿ, “ನಿಮ್ಮೂರಾಗ ಅನುಭವ ಮಂಟಪದಾಗ ಅಕ್ಕಮಹಾದೇವಿಗೂ ಜಾಗಾ ಇತ್ತು ಅಂತ ಭಾಷಣ ಮಾಡ್ತಿರಲ್ಲ? ಇಲ್ಲಿ ನನಗ ಒಂದ್ ಕುರ್ಚಿ ಇಲ್ಲೇನು?” ಅಂದಳು. ಅಪ್ಪನೇ ಮೊದಲು ನಕ್ಕರು. ಮೇಜು ಪಡಸಾಲಿಗೆ ಬಂತು.

ಪಡಸಾಲಿ ಅಂದ ಮೇಲೆ ಲೆಕ್ಕ ಎಲ್ಲ ಬದಲು. ಮೇಜು ಕೂತದ್ದು ಕಿಟಕಿಗೆ ಅಡ್ಡವಾಗಿ. ಕಿಟಕಿ ಬೆನ್ನ ಹಿಂದಿದ್ದರೆ ಪರದೆಯಲ್ಲಿ ಬೆಳಕು ಹೊಳೆಯುತ್ತೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತೆ. ಪಕ್ಕಕ್ಕಿದ್ದರೆ ಎರಡೂ ಇಲ್ಲ. ಊರು ರಾಷ್ಟ್ರೀಯ ಹೆದ್ದಾರಿ 65ರ ಮೇಲಿದೆ. ಪುಣೆ–ಹೈದರಾಬಾದ್ ಲಾರಿಗಳು ಹಗಲು ರಾತ್ರಿ ಓಡುತ್ತವೆ, ತೊಗರಿ ರಾಶಿ ಕಾಲದಲ್ಲಿ ಹೊಲದ ಧೂಳು ಬೇರೆ. ಹಾಗಾಗಿ ನೆಲದ ಮೇಲೆ ಏನೂ ಇಡಬಾರದು ಅಂತ ಮಾಡಿ, ಪುಸ್ತಕದಷ್ಟೇ ಇರುವ ಮಿನಿ ಪಿಸಿ ತಗೊಂಡು ಮಾನಿಟರ್ ಪಕ್ಕ ಇಟ್ಟೆವು.

ಆಫೀಸುಗಳಲ್ಲಿ ಬಳಸಿ ತೆಗೆದ ಇಂಥ ಮಿನಿ ಪಿಸಿಗಳು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಬೇಕಾದಷ್ಟು ಸಿಗುತ್ತವೆ. ನಮ್ಮ ಕಡೆಯವರಿಗೆ ಬೆಂಗಳೂರಿನ ಎಸ್.ಪಿ. ರೋಡಿಗಿಂತ ಅದೇ ಹತ್ತಿರ. ಬೆಳಿಗ್ಗೆ ಬಸ್ ಹತ್ತಿ ಜಹೀರಾಬಾದ್ ದಾಟಿ ಹೋದರೆ ರಾತ್ರಿ ಊಟಕ್ಕೆ ವಾಪಸ್. ಒಂದು ವಿಷಯ ನೋಡಿಕೊಳ್ಳಿ: ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಅದರ ಮುಂದಿನದು ಬೇಕು. ಆರು, ಏಳನೇ ಜನರೇಷನ್ ಯಂತ್ರಗಳು ಸಸ್ತಾ ಸಿಗೋದು ಅದಕ್ಕೇ. ಲಿನಕ್ಸ್ ಹಾಕುವವರಿಗೆ ಅವು ಲಾಭ. ತಂಗಿಗೆ ವಿಂಡೋಸ್ ಬೇಕಿತ್ತು, ಎಂಟನೇ ಜನರೇಷನ್ ಐ5 ತಂದೆವು, 13,500. ಜೊತೆಗೆ 24 ಇಂಚಿನ ಮಾನಿಟರ್, 7,800.

ಯುಪಿಎಸ್ ಕೊಳ್ಳಲಿಲ್ಲ. ಮನೆಯ ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ಚು ಇರುತ್ತೆ, ಒಂದು ಕಡೆ ನಾರ್ಮಲ್ ಅಥವಾ ಇಕೋ, ಇನ್ನೊಂದು ಕಡೆ ಯುಪಿಎಸ್. ಬಹಳ ಮನೆಗಳಲ್ಲಿ ಅದನ್ನ ಯಾರೂ ಮುಟ್ಟಿರಲ್ಲ. ಕಂಪ್ಯೂಟರ್ ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲಿ ಕರೆಂಟ್ ಇಲ್ಲದೆ ತಡೆಯೋದು ಸುಮಾರು 16 ಮಿಲಿಸೆಕೆಂಡ್. ನಾರ್ಮಲ್ ಮೋಡಿನಲ್ಲಿ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು, ಆಗ ಯಂತ್ರ ರೀಸ್ಟಾರ್ಟ್. ಸ್ವಿಚ್ಚು ಆ ಕಡೆ ತಿರುಗಿಸಿ, ಮೇನ್ ಐದು ಸಲ ಆಫ್ ಮಾಡಿ ನೋಡಿದೆವು; ಒಂದು ಸಲವೂ ಯಂತ್ರ ನಿಲ್ಲಲಿಲ್ಲ. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಕಡಿಮೆ ವೋಲ್ಟೇಜ್ ಸಹಿಸಲ್ಲ, ಬೇಗ ಬ್ಯಾಟರಿಗೆ ಹೋಗುತ್ತೆ. ಅದಕ್ಕೂ ಲೆಕ್ಕ ಹಾಕಿದೆವು: ಪಿಸಿ, ಮಾನಿಟರ್, ರೌಟರ್, ದೀಪ ಸೇರಿ 75 ವ್ಯಾಟ್; ಎರಡು ಫ್ಯಾನ್ 150; ಉಳಿದ ಲೈಟು 30. ಒಟ್ಟು 255. ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್, ಅಂದ್ರೆ 1,800 ವ್ಯಾಟ್-ಅವರ್. ಅದರಲ್ಲಿ ಕೈಗೆ ಸಿಗೋದು ಸಾವಿರ ಅಂತ ಹಿಡಿದರೂ ನಾಲ್ಕು ತಾಸು. ಸಂಜೆಯ ಓದಿಗೆ ಸಾಕು.

ಮೇಜು ನಮ್ಮದೇ ಡಿಸೈನ್. ಪ್ಲೈವುಡ್ಡಿಗೆ ಗೆದ್ದಲಿನ ಭಯ, ಒಳ್ಳೆ ಕಟ್ಟಿಗೆಗೆ ದುಡ್ಡು ಸಾಲದು. ನಮ್ಮ ಕಡೆ ಮನೆಮನೆಗೂ ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಇದೆಯಲ್ಲ, ಅದನ್ನೇ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಕೊರೆಸಿ, ಕಬ್ಬಿಣದ ಆಂಗಲ್ ಫ್ರೇಮ್ ಮೇಲೆ ಕೂಡಿಸಿದೆವು. ಒಂದಿಂಚು ದಪ್ಪದ ಕಲ್ಲು, ತೂಕ ಹತ್ತಿರ ಹತ್ತಿರ 50 ಕಿಲೋ. ಅಲುಗಾಡಲ್ಲ, ಚಹಾ ಚೆಲ್ಲಿದರೂ ಚಿಂತೆ ಇಲ್ಲ. ಚಳಿಗಾಲದಲ್ಲಿ ಮುಂಗೈಗೆ ತಣ್ಣಗೆ ಕೊರೆಯುತ್ತೆ, ಅದಕ್ಕೆ ಒಂದು ರೆಗ್ಜಿನ್ ಹಾಸಿದೆ. ಎರಡೂ ಮನೆಗೆ ಅದೇ ಮಾದರಿ. ಎತ್ತರ ಮಾತ್ರ ಅಂಗಡಿಯ ಮೇಜಿನಂತೆ 30 ಇಂಚು ಇಡದೆ 27ಕ್ಕೆ ಇಳಿಸಿದೆವು, ಯಾಕಂದ್ರೆ ಅಳತೆ ತಗೊಂಡದ್ದು ತಂಗಿಯದು. ಕೂತಾಗ ಮೊಣಕೈ ಮಟ್ಟಕ್ಕೆ ಕೀಬೋರ್ಡ್, ಕಣ್ಣಿನ ಮಟ್ಟಕ್ಕೆ ಪರದೆಯ ಮೇಲಂಚು, ಕೈ ಚಾಚಿದಷ್ಟು ದೂರ. ಪಾದ ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ಆಯಿ ಅಡುಗೆಮನೆಯಿಂದ ಹಳೇ ಮಣೆ ತಂದು ಕಾಲ ಕೆಳಗೆ ಇಟ್ಟರು.

ಇಷ್ಟೆಲ್ಲ ಆದರೂ ಒಂದು ಉಳಿಯಿತು. ಪಡಸಾಲಿಯಲ್ಲಿ ಕೂತ ಹುಡುಗಿಯನ್ನ ಕರೆಯೋದು ಸುಲಭ. ನೀರು ಕೊಡು, ಚಹಾ ಇಡು, ಬಾಗಿಲು ತೆಗಿ. ನಾವು ಕೂತಾಗ ಯಾರೂ ಕರೆಯುತ್ತಿರಲಿಲ್ಲ, ಅವಳು ಕೂತರೆ ಹತ್ತು ನಿಮಿಷಕ್ಕೊಮ್ಮೆ ಏಳಬೇಕು. ಇದಕ್ಕೆ ಸಿಕಂದರಾಬಾದಿನಲ್ಲಿ ಯಾವ ಬಿಡಿಭಾಗವೂ ಸಿಗಲ್ಲ. ಅವ್ವ, ಅಪ್ಪ ಎಲ್ಲರೂ ಕೂತು ಮಾತಾಡಿ ಗೋಡೆಗೆ ಒಂದು ಟೈಮ್‌ಟೇಬಲ್ ಅಂಟಿಸಿದೆವು: ಬೆಳಿಗ್ಗೆ 5ರಿಂದ 7, ರಾತ್ರಿ 8ರಿಂದ ಒಂಬತ್ತೂವರೆ ಅವಳದು. ಆ ಹೊತ್ತಿನಲ್ಲಿ ಕರೆ ಬಂದರೆ ಏಳಬೇಕಾದವರು ಬೇರೆಯವರು. ರಜೆ ಇರೋ ತನಕ ನಾವು ಎದ್ದೆವು. ನಾವು ಬಂದ ಮೇಲೆ ಆ ಹಾಳೆ ಎಷ್ಟು ದಿನ ನಿಲ್ಲುತ್ತೋ ಅನ್ನೋ ಅನುಮಾನ ಇತ್ತು. ಮೊನ್ನೆ ಫೋನಿನಲ್ಲಿ ಕೇಳಿದರೆ, “ಅಪ್ಪ ಈಗ ತಾನೇ ಚಹಾ ಸೋಸ್ಕೋತಾನ. ಸಕ್ರಿ ಮಾತ್ರ ಹೆಚ್ಚು ಹಾಕ್ಕೋತಾನ,” ಅಂದಳು.

ಈಗ ಆ ಮೇಜಿನ ಮೇಲೆ ಅಪ್ಪನ ಪಹಣಿ ತೆಗೆಯೋದು, ಓಣಿಯ ಹುಡುಗರ ಸ್ಕಾಲರ್‌ಶಿಪ್ ಅರ್ಜಿ, ಹಾಲ್ ಟಿಕೆಟ್ಟು ಎಲ್ಲ ನಡೆಯುತ್ತೆ. ಎಲ್‌ಇಡಿ ಪಟ್ಟಿ ಇನ್ನೂ ಬಂದಿಲ್ಲ. ತಂಗಿಯ ಸಿಇಟಿ ಇನ್ನೂ ಮುಂದೈತಿ, ಫಲಿತಾಂಶ ಏನಾಗುತ್ತೋ ಮೇಜಿಗೆ ಗೊತ್ತಿಲ್ಲ. ಒಂದು ತಾಸು ಪೂರ್ತಿ ಎದ್ದೇಳದೆ ಕೂತು ಲೆಕ್ಕ ಬಿಡಿಸೋದು ಮಾತ್ರ ಅವಳಿಗೆ ಈಗ ಸಾಧ್ಯವಾಗಿದೆ.

ನೀವೂ ರಜೆಗೆ ಹೋದಾಗ ಸೆಟಪ್ ಮಾಡೋ ಯೋಚನೆ ಇದ್ದರೆ ಅಂಗಡಿಗೆ ಹೋಗೋ ಮುಂಚೆ ಮೂರು ಕೆಲಸ ಮಾಡಿ. ಪ್ಲಗ್ಗಿನ ಅರ್ತ್ ನೋಡಿಸಿ. ಇನ್ವರ್ಟರ್ ಹಿಂದಿನ ಸ್ವಿಚ್ಚು ಹುಡುಕಿ. ಆಮೇಲೆ ಟೇಪ್ ಹಿಡಿದು ಮನೆಯಲ್ಲಿ ಎಲ್ಲರ ಅಳತೆ ತಗೊಳ್ಳಿ, ನಿಮ್ಮದೊಂದೇ ಅಲ್ಲ. ಮಲ್ಟಿಮೀಟರ್ ಬೇಕಾದವರು ನಮ್ಮ ರೂಮಿಗೆ ಬನ್ನಿ, ಕೊಡ್ತೀವಿ. ವಾಪಸ್ ತರುವಾಗ ಬ್ಯಾಟರಿ ಸಮೇತ ತನ್ನಿ.