ಪುಣೆಯಿಂದ ಯಲ್ಲಾಪುರಕ್ಕೆ: ಹಳೆಯ ಗಾಡಿಯ ಹೊಸ ಮೊಣಕಾಲು

ಪುಣೆಯಿಂದ ಬೆಳಗಾವಿ, ಧಾರವಾಡಗಳ ಕಡೆಗೆ ಹೋಗುವ ಹೆದ್ದಾರಿಯನ್ನು ಅರಿಯದ ಕನ್ನಡಿಗರು ಪುಣೆಯಲ್ಲಿ ವಿರಳ. ಹಬ್ಬಕ್ಕೆ, ಮದುವೆಗೆ, ಮುಂಜಿಗೆ, ಕಡೆಗೆ ಊರಿನಿಂದ ಕೆಟ್ಟ ಸುದ್ದಿ ಬಂದಾಗಲೂ ನಮ್ಮವರು ಹಿಡಿಯುವುದು ಇದೇ ದಾರಿ. ರಾತ್ರಿಯ ಬಸ್ಸಿನಲ್ಲಿ ಮಲಗಿ ಹೋಗುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕಾರಿನವರಿಗೆ ಗಾಜಿನಾಚೆ ಓಡಿಹೋಗುತ್ತದೆ. ಮೋಟಾರು ಸೈಕಲ್ಲಿನವರು ಮಾತ್ರ ಅದನ್ನು ಮೈಯಿಂದ ಅರಿಯುತ್ತಾರೆ. ಯಾವ ಸೇತುವೆಯ ಸಂದಿ ಕುಕ್ಕುತ್ತದೆ, ಯಾವ ಊರಿನ ಉಬ್ಬು ಹೇಳದೆ ಕೇಳದೆ ಎದುರಾಗುತ್ತದೆ ಎಂಬುದನ್ನು ಅವರ ಬೆನ್ನು ಬಲ್ಲದು.

ಈ ಬರಹದಲ್ಲಿ ‘ನಾವು’ ಎಂದರೆ ಇಬ್ಬರು, ದಂಪತಿಗಳು. ಒಬ್ಬರು ಮುಂದೆ ಕೂತು ಗಾಡಿ ನಡೆಸುವವರು. ಇನ್ನೊಬ್ಬರು ಹಿಂದೆ ಕೂತು ಮುಂದಿನವರನ್ನು ನಡೆಸುವವರು. 2009ರಲ್ಲಿ ಕೊಂಡ ನಮ್ಮ 350 ಸಿ.ಸಿ. ಗಾಡಿ ತೊಂಬತ್ತೆರಡು ಸಾವಿರ ಕಿಲೋಮೀಟರು ಓಡಿದೆ. ಅದರಲ್ಲಿ ಹೆಚ್ಚಿನ ಪಾಲು ಯಲ್ಲಾಪುರದ ದಾರಿಯದು. ಅಲ್ಲಿಂದ ಹನ್ನೊಂದು ಕಿಲೋಮೀಟರು ಒಳಗೆ, ಅಡಕೆ ತೋಟದ ನಡುವಿನ ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ಅಮ್ಮ ಇದ್ದಾರೆ. ಪುಣೆಗೆ ಬನ್ನಿರೆಂದರೆ, “ತೋಟ ಯಾರು ನೋಡ್ತ್ರು?” ಎನ್ನುತ್ತಾರೆ. ಆದುದರಿಂದ ವರ್ಷಕ್ಕೆ ಮೂರು ಸಲ ನಾವೇ ಹೋಗಬೇಕು. ಊರಿಗೆ ಬರುವ ಬಸ್ಸು ದಿನಕ್ಕೊಂದು. ಹಳ್ಳ ದಾಟಿ ಮನೆಯ ಅಂಗಳ ಮುಟ್ಟುವ ಕಿರುದಾರಿಗೆ ಎರಡು ಗಾಲಿಯ ಗಾಡಿಯೇ ಸರಿ.

ಹೀಗಿರುವಾಗ ನಮ್ಮಲ್ಲಿ ಹಿಂದೆ ಕೂರುವವರಿಗೆ ಸೊಂಟನೋವು ಕಾಣಿಸಿತು. ಡಾಕ್ಟರು ಚಿತ್ರ ತೆಗೆಸಿ ನೋಡಿ, ಬೆನ್ನೆಲುಬಿನ ನಡುವಿನ ಒಂದು ಮೆತ್ತೆ ಸ್ವಲ್ಪ ಸರಿದಿದೆ ಎಂದರು. ನಾಲ್ಕು ತಿಂಗಳ ವ್ಯಾಯಾಮದಿಂದ ನೋವು ಇಳಿಯಿತು. “ಇನ್ನು ಗಾಡಿಯಲ್ಲಿ ಹೋಗಬಹುದೇ?” ಎಂದು ಕೇಳಿದಾಗ, “ಹೋಗಬಹುದು, ಆದರೆ ಕುಕ್ಕುವ ಗಾಡಿಯಲ್ಲಿ ಬೇಡ, ಒಂದೇ ಬೀಸಿಗೆ ಬೇಡ,” ಎಂಬ ಉತ್ತರ ಬಂತು. ನಮ್ಮ ಗಾಡಿ ಕುಕ್ಕುತ್ತಿತ್ತು ಎಂಬುದರಲ್ಲಿ ಸಂದೇಹವಿರಲಿಲ್ಲ. ಮಾರಿಬಿಡಿ ಎಂದರು ನೆರೆಯವರು. ಮಾರಿದರೆ ವರ್ಷಕ್ಕೆ ಮೂರು ಸಲದ ಹೋಗಿಬರುವಿಕೆ ಒಂದು ಸಲಕ್ಕೆ ಇಳಿಯುವುದು ಖಂಡಿತ. ಎಂಬತ್ತನಾಲ್ಕರ ತಾಯಿಯ ಮಟ್ಟಿಗೆ ಇದು ಸಣ್ಣ ಲೆಕ್ಕವಲ್ಲ.

ಪುಣೆಯ ನಾನಾ ಪೇಟೆಯನ್ನು ನೋಡದವರು ಒಮ್ಮೆ ನೋಡಬೇಕು. ಎರಡು ಗಾಲಿಯ ವಾಹನಕ್ಕೆ ಬೇಕಾದ ಬಿಡಿಭಾಗವೆಲ್ಲ ಅಲ್ಲಿ ಸಿಕ್ಕುತ್ತದೆ. ಅಂಗಡಿಗಳ ಮುಂದೆ ಚೈನು, ಟಯರು, ಕನ್ನಡಿಗಳು ತೋರಣದಂತೆ ತೂಗುತ್ತಿರುತ್ತವೆ. ಅದರ ಒಂದು ಓಣಿಯ ಗ್ಯಾರೇಜಿನಲ್ಲಿ ನಮಗೆ ಸಿಕ್ಕ ಮೇಸ್ತ್ರಿ ವಿಜಯಪುರದ ಕಡೆಯವರು. ಗಿರಾಕಿಗಳೊಡನೆ ಮರಾಠಿ, ಹುಡುಗರೊಡನೆ ಹಿಂದಿ ಆಡುತ್ತಿದ್ದವರು ನಮ್ಮ ಮಾತು ಕಿವಿಗೆ ಬಿದ್ದೊಡನೆ ಕನ್ನಡಕ್ಕೆ ತಿರುಗಿದರು. ಹ್ಯಾಂಡಲು ಹಿಡಿದು ಮುಂದಿನ ಬ್ರೇಕು ಒತ್ತಿ, ಗಾಡಿಯನ್ನು ಎರಡು ಸಲ ಕೆಳಕ್ಕೆ ತಳ್ಳಿ ಬಿಟ್ಟು ನೋಡಿ ಹೇಳಿದರು: “ಸಾಹೇಬ್ರ, ಇಂಜಿನ್ ಗಟ್ಟಿ ಐತ್ರಿ. ಗಾಡಿಗೆ ಮೊಣಕಾಲಷ್ಟ ಹೋಗ್ಯಾವ.”

ಮೊಣಕಾಲು ಎಂಬುದಕ್ಕಿಂತ ಒಳ್ಳೆಯ ಹೆಸರು ನಮಗೆ ಹೊಳೆಯದು. ಪುಸ್ತಕದವರು ಸಸ್ಪೆನ್ಷನ್ ಎನ್ನುತ್ತಾರೆ, ಗ್ಯಾರೇಜಿನವರು ಶಾಕಪ್ ಎನ್ನುತ್ತಾರೆ. ಹಿಂದಿನ ಕಾಲದ ಬಹುಪಾಲು ಮೋಟಾರು ಸೈಕಲ್ಲುಗಳಲ್ಲಿ ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇರುತ್ತಿರಲಿಲ್ಲ; ಸವಾರನ ಪೀಠದ ಕೆಳಗಿನ ಎರಡು ಸುರುಳಿಗಳೇ ಗತಿ. ಎಣ್ಣೆಯ ತಡೆಯುಳ್ಳ, ಕೊಳವೆಯೊಳಗೆ ಕೊಳವೆ ಜಾರುವ ಮುಂದಿನ ಫೋರ್ಕು 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಗಾಡಿಯೊಡನೆ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನ ಬುಲೆಟ್ಟು, ಹಿಂದಿನ ಚಕ್ರವನ್ನೂ ಮೇಲೆ ಕೆಳಗೆ ಆಡಬಲ್ಲ ತೋಳಿಗೆ ಸಿಕ್ಕಿಸಿ, ಎರಡು ಪಕ್ಕದಲ್ಲಿ ಶಾಕಪ್ಪುಗಳನ್ನು ಕೂರಿಸಿಕೊಂಡು ಬಂತು. ಅದೇ ಬುಲೆಟ್ಟು 1955ರಿಂದ ಮದರಾಸಿನಲ್ಲಿ ಸಿದ್ಧವಾಗತೊಡಗಿತು; 1961ರಲ್ಲಿ ನಮ್ಮ ಮೈಸೂರಿನಲ್ಲಿ ಜಾವಾ ಗಾಡಿಯ ಕಾರ್ಖಾನೆ ತೆರೆಯಿತು. ಹಿಂದಿನ ಪೀಠದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಪರವೂರಿಗೆ ಹೋಗುವ ಧೈರ್ಯ ನಮ್ಮ ಮಧ್ಯಮ ವರ್ಗದವರಿಗೆ ಬಂದುದಕ್ಕೆ ಈ ಎರಡು ಸುರುಳಿಗಳ ಪಾಲೂ ಇದೆ.

ಇವುಗಳ ಕೆಲಸವನ್ನು ಮೇಸ್ತ್ರಿ ವಿವರಿಸಿದ ರೀತಿ ಬಹಳ ಸರಳ. ಒಳಗೆ ಇಬ್ಬರು ಆಳುಗಳಿದ್ದಾರೆ: ಸ್ಪ್ರಿಂಗು ಮತ್ತು ಎಣ್ಣೆ. ಗುಂಡಿಯ ಪೆಟ್ಟನ್ನು ಸ್ಪ್ರಿಂಗು ಕುಗ್ಗಿ ನುಂಗಿಕೊಳ್ಳುತ್ತದೆ. ಆದರೆ ನುಂಗಿದ್ದನ್ನು ಅದು ಹಾಗೆಯೇ ಹಿಂದಕ್ಕೆ ಎಸೆಯುವ ಸ್ವಭಾವದ್ದು. ಎಣ್ಣೆ ಸಣ್ಣ ರಂಧ್ರಗಳ ಮೂಲಕ ಕಷ್ಟಪಟ್ಟು ನುಸುಳುತ್ತ ಆ ನೆಗೆತವನ್ನು ತಡೆಯುತ್ತದೆ. ಪೆಟ್ಟಿನ ಬಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಎಣ್ಣೆ ಹಳತಾಗಿ ತೆಳುವಾದರೆ, ಅಥವಾ ಸೀಲು ಸವೆದು ಸೋರಿಹೋದರೆ, ಉಳಿಯುವುದು ಸ್ಪ್ರಿಂಗೊಂದೇ. ಆಗ ಒಂದು ಉಬ್ಬಿಗೆ ಗಾಡಿ ನಾಲ್ಕು ಸಲ ಕುಣಿಯುತ್ತದೆ. ಅಷ್ಟೇ ಅಲ್ಲ, ಕುಣಿಯುವ ಚಕ್ರ ಕ್ಷಣಕಾಲ ನೆಲ ಬಿಟ್ಟಿರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಆದುದರಿಂದ ಇದು ಸುಖದ ವಿಷಯ ಮಾತ್ರವಲ್ಲ, ಜೀವದ ವಿಷಯ.

ಮುಂದೆ ಅಳತೆ. ನಮ್ಮ ಗಾಡಿಯಲ್ಲಿ ಮುಂದಿನ ಫೋರ್ಕು 130 ಮಿಲಿಮೀಟರು ಆಡಬಲ್ಲದು. ಹಿಂದಿನ ಚಕ್ರ 80. ಚಕ್ರವನ್ನು ನೆಲದಿಂದ ಎತ್ತಿ ಒಮ್ಮೆ, ಹೇರು ಸಮೇತ ನಾವಿಬ್ಬರೂ ಹತ್ತಿ ಕೂತಾಗ ಒಮ್ಮೆ ಟೇಪು ಹಿಡಿದು ಅಳೆದರು. ನಾವು ಕೂತಷ್ಟಕ್ಕೇ ಹಿಂದುಗಡೆ 46 ಮಿಲಿಮೀಟರು ಕುಸಿದಿತ್ತು. ಎಂದರೆ ಗುಂಡಿಗಾಗಿ ಉಳಿದದ್ದು 34 ಮಾತ್ರ. ಅದು ತೀರಿದ ಮೇಲೆ ಪೆಟ್ಟು ನೇರವಾಗಿ ಬೆನ್ನೆಲುಬಿಗೆ. ಓಟದ ಮೂರನೆಯ ಒಂದು ಪಾಲಿನಷ್ಟು ಮಾತ್ರ ಕುಸಿಯಬೇಕೆಂಬುದು ಪ್ರವಾಸದ ಗಾಡಿಗಳಿಗೆ ಸಾಮಾನ್ಯವಾದ ಲೆಕ್ಕ. ಹಿಂದೆ ಕೂರುವವರ ಭಾರವೂ ಚೀಲಗಳ ಭಾರವೂ ಬಹುಮಟ್ಟಿಗೆ ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ. ಒಬ್ಬರೇ ಹೋಗುವಾಗ ಒಪ್ಪುವ ಸ್ಪ್ರಿಂಗು ಇಬ್ಬರಿಗೆ ಸಾಲದು.

ಹಳೆಯ ಶಾಕಪ್ಪಿನ ಬುಡದಲ್ಲಿ ಐದು ಮೆಟ್ಟಿಲುಗಳ ಒಂದು ಬಳೆ ಇದೆ. ಕೊಕ್ಕೆಯಂಥ ಪಾನಾ ಹಾಕಿ ತಿರುಗಿಸಿದರೆ ಗಾಡಿ ಮೇಲೇಳುತ್ತದೆ. ಅದನ್ನೇ ಕಡೆಯ ಮೆಟ್ಟಿಲಿಗೆ ಏರಿಸಿದರೆ ಸಾಲದೆ ಎಂದು ನಮ್ಮಲ್ಲಿ ಮುಂದೆ ಕೂರುವವರು ಕೇಳಿದರು. ಮೆಟ್ಟಿಲು ಏರಿಸಿದರೆ ಗಾಡಿಯ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗಿನ ಬಲ ಬದಲಾಗುವುದಿಲ್ಲ, ಸತ್ತ ಎಣ್ಣೆಗೆ ಜೀವವೂ ಬರುವುದಿಲ್ಲ ಎಂದರು ಮೇಸ್ತ್ರಿ. ಬಳಿಕ ಹಿಂದೆ ಕೂರುವವರ ಕಡೆಗೆ ತಿರುಗಿ, “ಅಕ್ಕಾರ, ನಿಮ್ಮ ತೂಕ ಲೆಕ್ಕಕ್ಕ ಹಿಡೀಲಾರದ ಸ್ಪ್ರಿಂಗ್ ಹಾಕಿದ್ರ ನಡೀತದೇನ್ರಿ?” ಎಂದು ಕೇಳಿದರು. ತೂಕ ಹೇಳಲು ಸಂಕೋಚಪಡುವ ಕಾಲ ಅದಲ್ಲ. ಇಬ್ಬರೂ ಹೇಳಿದೆವು, ಚೀಲಗಳನ್ನೂ ಸೇರಿಸಿ ಒಟ್ಟು 152 ಕಿಲೋ.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಹಿಂದೆ ಅನಿಲ ತುಂಬಿದ ಹೊಸ ಶಾಕಪ್ಪುಗಳು ಬಂದವು. ಹಳೆಯವುಗಳಷ್ಟೇ ಉದ್ದ, ಆದರೆ ಇಬ್ಬರ ಭಾರಕ್ಕೆ ತಕ್ಕ ಸುರುಳಿ. ಉದ್ದ ಹೆಚ್ಚಾದರೆ ಗಾಡಿ ಮುಗ್ಗರಿಸಿದಂತೆ ನಿಂತು ಹ್ಯಾಂಡಲಿನ ಸ್ವಭಾವವೇ ಬೇರೆಯಾಗುತ್ತದೆಯಂತೆ. ಮುಂದೆ, ಒಂದು ತುದಿಯಲ್ಲಿ ಒತ್ತಾಗಿ ಇನ್ನೊಂದು ತುದಿಯಲ್ಲಿ ವಿರಳವಾಗಿ ಸುತ್ತಿದ ಸ್ಪ್ರಿಂಗುಗಳು; ಇವು ಸಣ್ಣ ಪೆಟ್ಟಿಗೆ ಮೆತ್ತಗೆ, ದೊಡ್ಡ ಪೆಟ್ಟಿಗೆ ಗಟ್ಟಿಯಾಗಿ ಎದುರು ನಿಲ್ಲುತ್ತವೆ. ಫೋರ್ಕಿನ ಹಳೆಯ ಎಣ್ಣೆ ಕಾಡಿಗೆಯಂತೆ ಇಳಿಯಿತು. ಹೊಸ ಎಣ್ಣೆಯನ್ನು ಎರಡು ಕೊಳವೆಗಳಲ್ಲೂ ಒಂದೇ ಮಟ್ಟಕ್ಕೆ, ಅಳತೆಯ ಕಡ್ಡಿ ಹಾಕಿ ತುಂಬಿದರು. ಸೀಲು, ರಬ್ಬರು ಬುಷ್ಷು, ಹ್ಯಾಂಡಲಿನ ಬುಡದ ಗುಂಡುಗಳು, ಹಿಂದಿನ ತೋಳಿನ ಬುಷ್ಷು ಎಲ್ಲವೂ ಹೊಸವು. ಮತ್ತೆ ಅಳೆದಾಗ ಹಿಂದೆ 27, ಮುಂದೆ 41. ಹಣ ಹದಿನೆಂಟು ಸಾವಿರ ಕೈಬಿಟ್ಟಿತು. ಹೊಸ ಗಾಡಿಯ ಬೆಲೆಯ ಮುಂದೆ ಅದು ಹೆಚ್ಚಲ್ಲ. ಹಳೆಯ ಗಾಡಿಯ ಬೆಲೆಯ ಮುಂದೆ ಕಡಿಮೆಯೂ ಅಲ್ಲ.

2024ರ ನವೆಂಬರಿನ ಒಂದು ಮುಂಜಾನೆ ಹೊರಟೆವು. ಕಾತ್ರಜದ ಸುರಂಗ ದಾಟಿ, ಖಂಬಾಟಕಿ ಘಾಟಿ ಏರಿ ಇಳಿಯುವಾಗ ಮೊದಲ ಪರೀಕ್ಷೆ. ಹಿಂದೆಲ್ಲ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಗಾಡಿ ಮೂಗು ನೆಲಕ್ಕೆ ಊರುತ್ತಿತ್ತು, ಹಿಂದಿನವರು ಮುಂದಿನವರ ಬೆನ್ನಿಗೆ ಬಂದು ಬೀಳುತ್ತಿದ್ದರು. ಈ ಸಲ ತಲೆ ಬಾಗಿಸಿ ನಮಸ್ಕಾರ ಮಾಡಿದಷ್ಟೇ ಬಾಗಿತು. ಡಾಕ್ಟರ ಮಾತಿನಂತೆ ಗಂಟೆಗೊಮ್ಮೆ ಇಳಿದು ನಡೆದೆವು. ಹಾಗಾಗಿ ಕರಾಡದಲ್ಲಿ, ಇಷ್ಟು ವರ್ಷ ದೂರದಿಂದಲೇ ಕೈ ಮುಗಿದು ಹೋಗುತ್ತಿದ್ದ ಸಂಗಮಕ್ಕೆ ಇಳಿದೆವು. ಕೃಷ್ಣೆಯೂ ಕೊಯ್ನೆಯೂ ಅಲ್ಲಿ ಪಕ್ಕದಿಂದ ಬಂದು ಸೇರುವುದಿಲ್ಲ; ಎದುರುಬದುರಾಗಿ ಬಂದು ಕೂಡಿ, ಒಟ್ಟಿಗೆ ಪಕ್ಕಕ್ಕೆ ತಿರುಗಿ ಹೋಗುತ್ತವೆ. ಜನ ಅದನ್ನು ಪ್ರೀತಿಸಂಗಮ ಎಂದು ಕರೆಯುತ್ತಾರೆ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಆ ಹೆಸರು ಸರಿಯೆಂದೇ ತೋರುತ್ತದೆ.

ಮುಂದೆ ಕೊಲ್ಹಾಪುರದವರೆಗೂ ರಸ್ತೆ ಅಗಲಿಸುವ ಕೆಲಸ ನಡೆದಿತ್ತು. ಹೆದ್ದಾರಿಯಿಂದ ಪಕ್ಕದ ದಾರಿಗೆ, ಅಲ್ಲಿಂದ ಮತ್ತೆ ಹೆದ್ದಾರಿಗೆ ಹಾರಿಸುತ್ತಿದ್ದರು. ಜಲ್ಲಿ, ಕೆಸರು, ಅರೆಬರೆ ಡಾಂಬರು. ಗಾಡಿ ಆಡಿತು, ಕುಣಿಯಲಿಲ್ಲ. ಹಿಂದಿನ ಪೀಠದಿಂದ “ನಿಧಾನ” ಎಂಬ ಮಾತು ಎರಡೇ ಸಲ ಕೇಳಿಸಿತು. ಕೊಲ್ಹಾಪುರದಲ್ಲಿ ಪಂಚಗಂಗೆ, ಕಾಗಲ ದಾಟಿದ ಮೇಲೆ ದೂಧಗಂಗೆ, ನಿಪ್ಪಾಣಿಯ ಹತ್ತಿರ ವೇದಗಂಗೆ, ಸಂಕೇಶ್ವರದಲ್ಲಿ ಹಿರಣ್ಯಕೇಶಿ. ಒಂದಾದ ಮೇಲೊಂದು ಸೇತುವೆ, ಎಲ್ಲವೂ ಕೊನೆಗೆ ಕೃಷ್ಣೆಯ ಒಡಲು ಸೇರುವ ನದಿಗಳು. ದೂಧಗಂಗೆಯ ಈಚೆಗೆ ಅಂಗಡಿಯ ಹಲಗೆಗಳ ಮೇಲೆ ಕನ್ನಡ ಅಕ್ಷರ ಕಾಣಿಸತೊಡಗುತ್ತದೆ. ಹಿಂದೆ ಆ ಹೊತ್ತಿಗೆ ಸೊಂಟದ ಚಿಂತೆಯಲ್ಲಿ ಅಕ್ಷರ ಓದುವ ಉಮೇದೇ ಇರುತ್ತಿರಲಿಲ್ಲ. ಈ ಸಲ ನಿಪ್ಪಾಣಿಯಿಂದ ಒಂದೊಂದೇ ಹಲಗೆ ಓದುತ್ತ ಬಂದೆವು. ಬೆಳಗಾವಿಯಲ್ಲಿ ರಾತ್ರಿ ಉಳಿದು, ಕುಂದಾ ಕಟ್ಟಿಸಿಕೊಂಡು ಮಲಗಿದೆವು.

ಮರುದಿನ ಕಿತ್ತೂರು, ಧಾರವಾಡ ದಾಟಿ ಕಲಘಟಗಿಗೆ ಬಂದಾಗ ಬಿಸಿಲು ಏರಿತ್ತು. ಕಲಘಟಗಿಯೆಂದರೆ ಬಣ್ಣದ ತೊಟ್ಟಿಲು. ಅರಗಿನ ಬಣ್ಣ ಕೂಡಿಸಿ, ದೇವರ ಕಥೆಗಳನ್ನು ಚಿತ್ರಿಸಿದ ಮರದ ತೊಟ್ಟಿಲುಗಳು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮಕ್ಕಳು ಅವುಗಳಲ್ಲಿ ತೂಗಿಸಿಕೊಂಡು ಬೆಳೆದಿದ್ದಾರೆ. ನಮ್ಮಲ್ಲಿ ಹಿಂದೆ ಕೂರುವವರು ಅಂದದ್ದು ಇಷ್ಟು: “ತೊಟ್ಟಿಲಿಗೂ ಗಾಡಿಗೂ ಇರುವ ವ್ಯತ್ಯಾಸ ಈಗ ತಿಳಿಯಿತು. ಒಮ್ಮೆ ತೂಗಿದರೆ ತೊಟ್ಟಿಲು ಬಹಳ ಹೊತ್ತು ಆಡಬೇಕು. ಗಾಡಿ ಒಮ್ಮೆ ಆಡಿ ಸುಮ್ಮನಾಗಬೇಕು.” ಮೇಸ್ತ್ರಿಯ ಪಾಠ ಇದಕ್ಕಿಂತ ಚೆನ್ನಾಗಿ ಒಪ್ಪಿಸಲು ಸಾಧ್ಯವಿಲ್ಲ.

ಕಲಘಟಗಿಯಿಂದ ಮುಂದೆ ಬಯಲು ಮುಗಿಯುತ್ತದೆ. ಕಿರವತ್ತಿಯ ಹೊತ್ತಿಗೆ ಸಾಗುವಾನಿಯ ಮರಗಳು ಎರಡೂ ಪಕ್ಕ ಒತ್ತಿ ಬರುತ್ತವೆ, ಗಾಳಿಗೆ ತಂಪು ಸೇರುತ್ತದೆ. ಯಲ್ಲಾಪುರದಲ್ಲಿ ಚಹ ಕುಡಿದು ಒಳದಾರಿ ಹಿಡಿದೆವು. ಮಳೆಗಾಲ ಕೊರೆದ ಚರಂಡಿಗಳು, ಬೇರುಗಳು, ಹಳ್ಳದ ಕಲ್ಲುಗಳು. ಹನ್ನೊಂದು ಕಿಲೋಮೀಟರಿಗೆ ಮುಕ್ಕಾಲು ಗಂಟೆ. ಅಂಗಳದಲ್ಲಿ ಗಾಡಿ ನಿಂತಾಗ ಹಿಂದಿನವರು ಯಾರ ಕೈಯನ್ನೂ ಹಿಡಿಯದೆ ಇಳಿದರು. ಜಗಲಿಯಲ್ಲಿ ಕೂತಿದ್ದ ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಏನೇ, ಈ ಸಲ ಬಸ್ಸಿಗೆ ಬಂದ್ರಾ?” ಎಂದು ಕೇಳಿದರು. ಪಕ್ಕದಲ್ಲೇ ಬಿಸಿ ಇಂಜಿನ್ನು ಟಿಕ್ ಟಿಕ್ ಎನ್ನುತ್ತಿತ್ತು.

ದೂರದ ಊರಿಗೆ ಗಾಡಿಯಲ್ಲಿ ಹೋಗುವ ಬಳಗದವರಿಗೆ ಎರಡು ಮಾತು. ಸ್ಪ್ರಿಂಗು ಔಷಧವಲ್ಲ, ಬೆನ್ನುನೋವಿದ್ದವರು ಮೊದಲು ಡಾಕ್ಟರನ್ನು ಕಾಣಬೇಕು. ಗಾಡಿ ಹಳತಾಗಿದ್ದರೆ ಮೊದಲು ಟಯರಿನ ಗಾಳಿ ನೋಡಿ, ಆಮೇಲೆ ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಜಿಡ್ಡಿದೆಯೇ ನೋಡಿ. ಜಿಡ್ಡಿದ್ದರೆ ಸೀಲು ಹೋಗಿದೆ ಎಂದೇ ಅರ್ಥ. ಗ್ಯಾರೇಜಿಗೆ ಹೋಗುವಾಗ ಹಿಂದೆ ಕೂರುವವರನ್ನು ತಪ್ಪದೆ ಕರೆದುಕೊಂಡು ಹೋಗಿ, ಅವರನ್ನು ಕೂರಿಸಿಯೇ ಅಳತೆ ತೆಗೆಸಿ. ದಾರಿಯ ಅರ್ಧ ಕಷ್ಟ ಅವರದು. ಲೆಕ್ಕದಲ್ಲೂ ಅರ್ಧ ಅವರದಾಗಿರಲಿ.

ಅಡಕೆ ಕೊಯ್ಲಿಗೆ ಮತ್ತೆ ಬರುತ್ತೇವೆಂದು ಅಮ್ಮನಿಗೆ ಮಾತು ಕೊಟ್ಟು ಹೊರಟೆವು. ಜನವರಿಯಲ್ಲಿ ಹೋಗಿಯೂ ಬಂದೆವು.