ಥಾರ್ ದೇವರ ನಾಡಿನಲ್ಲಿ ಮರಿಯಮ್ಮನಹಳ್ಳಿಯವಳು

ರಾತ್ರಿ ಹನ್ನೊಂದೂವರೆ, ರೇಕ್ಯಾವಿಕ್‌ನಲ್ಲಿ ಇನ್ನೂ ಬಿಸಿಲು. ಜೂನ್ ತಿಂಗಳಲ್ಲಿ ಐಸ್‌ಲ್ಯಾಂಡಿನ ಸೂರ್ಯನಿಗೆ ಮುಳುಗುವ ಮನಸ್ಸೇ ಇರುವುದಿಲ್ಲ. ಹೊಸಪೇಟೆ ಕಡೆಯ ಬಿಸಿಲಿಗೆ ಜೀವಮಾನವೆಲ್ಲ ನೆರಳು ಹುಡುಕಿದವಳು ಇಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಬಿಸಿಲು ಬಿದ್ದ ಗೋಡೆಗೆ ಒರಗಿ ನಿಂತಿದ್ದೇನೆ. ನಲ್ಲಿ ತಿರುಗಿಸಿದರೆ ನೆಲದಾಳದ ಬಿಸಿನೀರು. ಸ್ನಾನವೇನೋ ಸುಖ, ವಾಸನೆ ಮಾತ್ರ ಕೊಳೆತ ಮೊಟ್ಟೆಯದು. "ಗಂಧಕ ಚಿಕ್ಕಮ್ಮ, ಚರ್ಮಕ್ಕೆ ಒಳ್ಳೇದು" ಅನ್ನುತ್ತಾನೆ ಇಲ್ಲಿ ಕೆಲಸದಲ್ಲಿರುವ ಅಕ್ಕನ ಮಗ.

ಜ್ವಾಲಾಮುಖಿ, ಜಲಪಾತ ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದೇನೆ. ಒಳಗಿನ ಆಸೆ ಬೇರೆಯೇ. ಸಿನಿಮಾದಲ್ಲಿ ಸುತ್ತಿಗೆ ಬೀಸುವ ಥಾರ್‌ನನ್ನು, ಅವನಪ್ಪ ಒಕ್ಕಣ್ಣ ಓಡಿನ್‌ನನ್ನು, ಫ್ರೇಯಾ ದೇವಿಯನ್ನು ಈಗಲೂ ದೇವರೆಂದು ನಂಬಿ ನಡೆಯುವವರು ಇಲ್ಲಿದ್ದಾರೆ. ಆ ಪಂಥದ ಹೆಸರು ಆಸಾತ್ರು. ಮರಿಯಮ್ಮನಹಳ್ಳಿ ನಾಟಕದವರ ಊರು. ಅಲ್ಲಿಂದ ಬಂದವಳಿಗೆ ಸಹಜವಾಗಿಯೇ ಒಂದು ಕುತೂಹಲ: ಇವರದು ಪೂಜೆಯೋ, ವೇಷವೋ?

ಮೊದಲ ದರ್ಶನ ಊರೊಳಗಿನ ಓಸ್ಕ್ಯುಹ್ಲೀದ್ ಗುಡ್ಡದ್ದು. ಇಲ್ಲಿ ಇವರ ದೇವಸ್ಥಾನ ಏಳಬೇಕು: ಅರ್ಧ ನೆಲದೊಳಗೆ, ಮೇಲೆ ಬೆಳಕು ಬಿಡುವ ಗುಮ್ಮಟ. ಕೆಲಸ ವರ್ಷಗಟ್ಟಲೆ ಕುಂಟಿದೆ. ಅಷ್ಟರ ಮಟ್ಟಿಗೆ ನನಗೆ ನಮ್ಮೂರೇ ಅನ್ನಿಸಿತು. ಬೆರಗಾದದ್ದು ಮುಹೂರ್ತದ ವಿಷಯಕ್ಕೆ. 2015ರ ಮಾರ್ಚ್ 20ರಂದು, ಸೂರ್ಯಗ್ರಹಣ ನಡೆಯುತ್ತಿರುವಾಗಲೇ, ಈ ಜಾಗವನ್ನು ಪವಿತ್ರಗೊಳಿಸಿದರಂತೆ! ಗ್ರಹಣ ಹಿಡಿದರೆ ಗುಡಿ ಬಾಗಿಲು ಹಾಕಿ, ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕುವ ನಾವೆಲ್ಲಿ, ಇವರೆಲ್ಲಿ.

ಈ ಆಸಾತ್ರು ಪಂಥದವರ ಸಂಘ ಹುಟ್ಟಿದ್ದು 1972ರ ಏಪ್ರಿಲ್‌ನಲ್ಲಿ, ಇವರ ಪಂಚಾಂಗದ ಬೇಸಿಗೆಯ ಮೊದಲ ದಿನ. ಮೊದಲ ಹಿರಿಯ ಪುರೋಹಿತ ಸ್ವೇನ್‌ಬ್ಯೋರ್ನ್ ಬೇಂಟೀನ್‌ಸನ್ ಕುರಿ ಸಾಕುತ್ತಿದ್ದ ರೈತ, ಹಳೆಯ ಛಂದಸ್ಸಿನ ಕವಿ. ಮಾನ್ಯತೆ ಕೇಳಲು ಹೋದಾಗ ಮಂತ್ರಿಗಳು ತಮಾಷೆ ಅಂದುಕೊಂಡರಂತೆ. ಸ್ವಲ್ಪ ಹೊತ್ತಿಗೆ ಗುಡುಗು ಸಿಡಿಲು ಬಂದು ಊರಿನ ನಡುಭಾಗದಲ್ಲಿ ಕರೆಂಟೇ ಹೋಯಿತಂತೆ. ಥಾರ್ ಗುಡುಗಿನ ದೇವರು ತಾನೇ! ಈ ಕಥೆಯನ್ನು ಇವರು ನಗುತ್ತಲೇ ಹೇಳುತ್ತಾರೆ. 1973ರಲ್ಲಿ ಮಾನ್ಯತೆ ಸಿಕ್ಕಿತು. ನಾಲ್ಕು ಲಕ್ಷವೂ ತುಂಬದ ದೇಶದಲ್ಲಿ ಈಗ ಐದು ಸಾವಿರಕ್ಕೂ ಮೇಲೆ ಸದಸ್ಯರು. ಹದಿನಾರು ದಾಟಿದ ಪ್ರತಿ ಸದಸ್ಯರ ಲೆಕ್ಕಕ್ಕೆ ಸರ್ಕಾರ ಸಂಘಕ್ಕೆ ಹಣ ಕೊಡುತ್ತದೆ. ಭಕ್ತರನ್ನು ರಿಜಿಸ್ಟರಿನಲ್ಲಿ ಎಣಿಸುವುದನ್ನು ಕೇಳಿದರೆ ನಮ್ಮ ಹುಲಿಗೆಮ್ಮ ಏನನ್ನುತ್ತಾಳೋ!

ಬೇಸಿಗೆಯ ದೊಡ್ಡ ಪೂಜೆಗೆ ಥಿಂಗ್‌ವೆಲ್ಲಿರ್‌ಗೆ ಹೊರಟಿದ್ದೇವೆ. ಕ್ರಿ.ಶ. 930ರಲ್ಲಿ ಐಸ್‌ಲ್ಯಾಂಡಿನ ಜನ ಸಂಸತ್ತು ಕೂಡಿಸಿದ ಬಯಲು ಇದು. ಹಂಪಿಯಂತೆ ವಿಶ್ವ ಪರಂಪರೆಯ ತಾಣ, ಆದರೆ ನೋಡಲು ಒಂದು ಕಲ್ಲುಕಂಬವೂ ಇಲ್ಲ! ಇರುವುದು ನೆಲದ ಬಿರುಕು. ಅಮೆರಿಕದ ಭೂಫಲಕ ಅತ್ತ, ಯುರೋಪಿನದು ಇತ್ತ ಸರಿಯುತ್ತಾ ಬಿಟ್ಟ ಕಂದರದೊಳಗೆ ನಡೆಯುತ್ತಿದ್ದೇವೆ. ಸುಮಾರು 1000ನೇ ಇಸವಿಯಲ್ಲಿ ಹಳೆಯ ದೇವರೋ ಕ್ರಿಸ್ತನೋ ಎಂದು ನಾಡೇ ಎರಡಾದಾಗ ತೀರ್ಪು ಕೊಟ್ಟ ಥೋರ್ಗೇರ್ ಹಳೆಯ ದೇವರ ಕಡೆಯವನೇ. ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿ, ಎದ್ದು, ಎಲ್ಲರೂ ಕ್ರೈಸ್ತರಾಗಲಿ, ಗುಟ್ಟಾಗಿ ಹಳೆಯ ಪೂಜೆ ಮಾಡುವವರು ಮಾಡಿಕೊಳ್ಳಲಿ ಎಂದನಂತೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿದಾಗ ಲಕ್ಷ ಜನ ಉಸಿರು ಹಿಡಿಯುವುದನ್ನು ಕಂಡಿದ್ದೇನೆ. ಒಬ್ಬನ ಮಾತಿಗೆ ಊರಿಗೂರೇ ತಲೆಬಾಗುವುದು ನನಗೆ ಹೊಸತಲ್ಲ.

ಪೂಜೆಗೆ ಇವರು ಬ್ಲೋಟ್ ಅನ್ನುತ್ತಾರೆ. ಬೆಂಕಿ ಹೊತ್ತಿಸಿ ಸುತ್ತ ನಿಲ್ಲುತ್ತಾರೆ. ಪುರೋಹಿತರದು ಉದ್ದನೆಯ ನಿಲುವಂಗಿ. ಅದರಡಿ ಮಳೆಪ್ಯಾಂಟು, ಕೆಸರು ಮೆತ್ತಿದ ಚಾರಣದ ಬೂಟು. ನನ್ನ ನಾಟಕದ ಕಣ್ಣು ಮೊದಲು ಹೋದದ್ದೇ ಬೂಟಿಗೆ. ಈ ದೇವರುಗಳ ಕಥೆ ಹೇಳುವ ಹಳೆಯ ಎಡ್ಡಾ ಪದ್ಯಗಳನ್ನು ರಾಗವಾಗಿ ಹೇಳುತ್ತಾರೆ. ಆಮೇಲೆ ಬಿಯರ್ ತುಂಬಿದ ಕೊಂಬು ಕೈಯಿಂದ ಕೈಗೆ. ಪಕ್ಕದ ಅಜ್ಜಿ ತೀರಿಹೋದ ಗಂಡನ ಹೆಸರೆತ್ತಿ, ಒಂದು ಗುಟುಕು ಕುಡಿದು ನನಗೆ ದಾಟಿಸುತ್ತಾಳೆ. ಕೊಂಬಿನ ಅಂಚು ಹಲವರ ತುಟಿಗೆ ನುಣುಪಾಗಿದೆ, ತಣ್ಣಗಿದೆ. ಎಂಜಲು! ಒಂದು ಕ್ಷಣ ಅಳುಕಿ, "ನಮ್ಮ ಮರಿಯಮ್ಮನಿಗೆ" ಅಂದು ತುಟಿಗೆ ತಾಗಿಸಿ ಮುಂದೆ ಕೊಟ್ಟೆ. ಯಾರೂ ಹುಬ್ಬೇರಿಸಲಿಲ್ಲ.

ವೇಷವೋ ಪೂಜೆಯೋ ಎಂಬ ನನ್ನ ಪ್ರಶ್ನೆ ಅಲ್ಲಿಗೆ ಸಡಿಲವಾಯಿತು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ನಮ್ಮೂರಿನವರೇ. ಅವರು ಎಲ್ಲಮ್ಮನ ಆಟ ಆಡುವಾಗ ಆಟ ಎಲ್ಲಿ ಮುಗಿಯಿತು, ಆರಾಧನೆ ಎಲ್ಲಿ ಶುರುವಾಯಿತು ಎಂದು ನಾವು ಯಾರೂ ಗೆರೆ ಹಾಕಿ ನೋಡಿದವರಲ್ಲ. ಇವರ ಈಗಿನ ಹಿರಿಯ ಪುರೋಹಿತ ಹಿಲ್ಮಾರ್ ಓರ್ನ್ ಹಿಲ್ಮಾರ್ಸನ್ ಸಿನಿಮಾ ಸಂಗೀತ ನಿರ್ದೇಶಕರು. ಎಂಟು ಕಾಲಿನ ಕುದುರೆ ಏರಿದ ಒಕ್ಕಣ್ಣ ನಿಜವಾಗಿ ಎಲ್ಲೋ ಇದ್ದಾನೆಂದು ಅವರ ಬಳಗ ನಂಬುವುದಿಲ್ಲ. ಅದು ಪ್ರಕೃತಿಯನ್ನೂ ಮನುಷ್ಯನ ಮನಸ್ಸನ್ನೂ ಅರಿಯುವ ಕಾವ್ಯ ಅನ್ನುತ್ತಾರೆ. ಈ ದೇವರುಗಳ ಹೆಸರಲ್ಲಿ ಬಿಳಿ ಜನಾಂಗದ ಜಂಬ ಕೊಚ್ಚುವ ಹೊರದೇಶದ ಗುಂಪುಗಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಪ್ರಾಣಿಬಲಿಯೂ ಇಲ್ಲ; ಊಟದ ಕುರಿಮಾಂಸ ಅಂಗಡಿಯದು. ನಮ್ಮಲ್ಲಿ ಬಲಿ ಬೇಡವೆಂದು 1959ರಿಂದ ಕಾಯ್ದೆಯಿದೆ, ಜಾತ್ರೆ ಮಾತ್ರ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ.

ಉತ್ತರಕ್ಕೆ ದಿನವಿಡೀ ಪ್ರಯಾಣ. ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಬೇಕು, ಇಲ್ಲದಿದ್ದರೆ ಗಾಳಿ ಕಿತ್ತುಕೊಂಡೇ ಹೋಗುತ್ತದೆ. ದಾರಿಯಲ್ಲಿ ಒಂದು ಬಟ್ಟಲು ಸೂಪಿನ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿದ ಮೇಲೆ ಹಸಿವೂ ಅಡಗಿತು. ಕೊನೆಗೆ ಗೋಥಫಾಸ್, ದೇವರ ಜಲಪಾತ. ಎತ್ತರ ಬರೀ ಹನ್ನೆರಡು ಮೀಟರ್, ಜೋಗ ನೋಡಿದವರು ಮೂಗು ಮುರಿಯಬಹುದು. ಆದರೆ ಅರ್ಧಚಂದ್ರವಾಗಿ ಧುಮುಕುವ ಆ ಹಸಿರುನೀಲಿ ನೀರನ್ನು ನೋಡುತ್ತಾ ನಿಂತರೆ ಕಾಲು ಕೀಳಲಾಗದು. ತೀರ್ಪು ಕೊಟ್ಟು ಮನೆಗೆ ಮರಳಿದ ಥೋರ್ಗೇರ್ ತನ್ನ ದೇವರ ವಿಗ್ರಹಗಳನ್ನು ಇಲ್ಲೇ ಎಸೆದನಂತೆ. ಹಳೆಯ ಚರಿತ್ರೆಯಲ್ಲಿ ಈ ಮಾತಿಲ್ಲ, ಜನರ ಬಾಯಲ್ಲಿದೆ.

ತುಂಗಭದ್ರೆಯ ಹಿನ್ನೀರು ಏರಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯ ಜನ ದೇವರನ್ನೂ ಕರೆದುಕೊಂಡು ಮರಿಯಮ್ಮನಹಳ್ಳಿಗೆ ಬಂದರು. ಇಲ್ಲಿ ನೀರಿಗೆ ಬಿಟ್ಟ ದೇವರನ್ನು ಸಾವಿರ ವರ್ಷದ ಬಳಿಕ ಮೊಮ್ಮಕ್ಕಳು ಪುಸ್ತಕ ಓದಿ ಹುಡುಕಿಕೊಂಡಿದ್ದಾರೆ. ಓದಿ ಕಲಿತ ಭಕ್ತಿ ಕಮ್ಮಿಯದೇನಲ್ಲ, ನಾನಂತೂ ಹಾಗೆನ್ನಲಾರೆ.

ನೀವು ಹೋಗುವುದಾದರೆ ಜೂನ್ ಕೊನೆಯ ಹೊತ್ತಿಗೆ ಹೋಗಿ; ಥಿಂಗ್‌ವೆಲ್ಲಿರ್‌ನ ಬ್ಲೋಟ್‌ಗೆ ಹೊರಗಿನವರೂ ಬರಬಹುದು. ಕೊಡೆ ಒಯ್ಯಬೇಡಿ, ಆ ಗಾಳಿಗೆ ನಿಲ್ಲುವುದಿಲ್ಲ. ಶೇಂಗಾ ಚಟ್ನಿಪುಡಿ ಮರೆಯಬೇಡಿ.